ಗಂಡಿಗೊಂದು ಹೆಸರು, ಹೆಣ್ಣಿಗೊಂದು ಹೆಸರು: ದ್ವೀಪದ ಕಡ್ಡಿಹುಳುಗಳ ನಾಮಕರಣ

ಆಸ್ಟ್ರಿಯಾದ ಕೀಟತಜ್ಞ ಯೋಸೆಫ್ ರೆಡ್ಟೆನ್‌ಬಾಖರ್ 1906ರಲ್ಲಿ ನ್ಯೂಗಿನಿಯ ಒಂದು ಪುಟ್ಟ, ಸಪೂರ ಗಂಡು ಎಲೆಕೀಟಕ್ಕಾಗಿ ನ್ಯಾನೋಫಿಲಿಯಂ ಎಂಬ ಹೊಸ ಕುಲವನ್ನೇ (ಹತ್ತಿರದ ಪ್ರಭೇದಗಳ ಗುಂಪು) ಕಟ್ಟಿದರು. ಮುಂದೆ ಆ ಕುಲಕ್ಕೆ ಇನ್ನೂ ಕೆಲವು ಪ್ರಭೇದಗಳು ಸೇರಿದವು, ಎಲ್ಲವೂ ಗಂಡುಗಳೇ. ಅದೇ ದ್ವೀಪದ ಅಗಲ ಮೈಯ ಕೆಲವು ಹೆಣ್ಣುಗಳು ಫಿಲಿಯಂ ಎಂಬ ಬೇರೊಂದು ಕುಲದಲ್ಲಿ, ಗಂಡಿನ ಸುಳಿವೇ ಇಲ್ಲದೆ ಕೂತಿದ್ದವು. 2018ರಲ್ಲಿ ಪಪುವಾ ನ್ಯೂಗಿನಿಯಿಂದ ಫಿಲಿಯಂ ಅಸೆಕಿಯೆನ್ಸೆ ಎಂಬ ಎಲೆಕೀಟದ ಕೆಲವು ಮೊಟ್ಟೆಗಳು ಕೆನಡಾದ ಮಾಂಟ್ರಿಯಲ್ ಕೀಟಾಲಯಕ್ಕೆ ಬಂದವು. ಅವುಗಳಿಂದ ಹೊರಬಂದ ಗಂಡುಮರಿ ದೊಡ್ಡದಾದಾಗ ನೋಡಿದರೆ ಅದು ಅಚ್ಚು ನ್ಯಾನೋಫಿಲಿಯಂ! ಒಂದೇ ಬಳಗದ ಗಂಡು ಹೆಣ್ಣುಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಎರಡು ಕುಲಗಳಲ್ಲಿ ಹಂಚಿಹೋಗಿದ್ದವು. 2020ರಲ್ಲಿ ಪ್ರಕಟವಾದ ಪ್ರಬಂಧ ಆ ಹೆಣ್ಣನ್ನು ನ್ಯಾನೋಫಿಲಿಯಂ ಅಸೆಕಿಯೆನ್ಸೆ ಎಂದು ಸರಿಪಡಿಸಿತು.

ಎಲೆಕೀಟವೂ ಕಡ್ಡಿಹುಳುವೂ ಫ್ಯಾಸ್ಮಟೋಡಿಯಾ ಎಂಬ ಒಂದೇ ಗಣಕ್ಕೆ ಸೇರಿದವು. ವಿವರಣೆ ಕಂಡ ಪ್ರಭೇದಗಳೇ 3,000ಕ್ಕೂ ಹೆಚ್ಚು. ಈ ಗಣದಲ್ಲಿ ಹೆಸರಿಡುವ ಕೆಲಸ ಎಡವುವುದು ಹೆಚ್ಚಾಗಿ ಗಂಡು ಹೆಣ್ಣುಗಳನ್ನು ಹೊಂದಿಸುವ ಇದೇ ಜಾಗದಲ್ಲಿ. ಗಂಡು ಹಗುರ, ಎಷ್ಟೋ ಪ್ರಭೇದಗಳಲ್ಲಿ ಹಾರಬಲ್ಲದು, ರಾತ್ರಿ ದೀಪಕ್ಕೆ ಬಂದು ಬೀಳುತ್ತದೆ. ಹೆಣ್ಣು ದಪ್ಪ, ರೆಕ್ಕೆ ಮೊಟಕು, ಮರದ ನೆತ್ತಿಯಲ್ಲೇ ಉಳಿದುಬಿಡುತ್ತದೆ. ಹೀಗಾಗಿ ಸಂಗ್ರಾಹಕರ ಪೆಟ್ಟಿಗೆಗೆ ಎರಡೂ ಒಟ್ಟಿಗೆ ಬರುವುದು ಅಪರೂಪ. ಜೋಡಿಯಾಗಿದ್ದಾಗಲೇ ಹಿಡಿಯಬೇಕು, ಇಲ್ಲವೇ ಮೊಟ್ಟೆಯಿಂದ ಸಾಕಿ ಬೆಳೆಸಬೇಕು. ಮಿಕ್ಕಿದ್ದೆಲ್ಲ ಊಹೆ.

ಮಾದರಿ ಸಿದ್ಧಪಡಿಸುವಾಗಲೂ ಅವಸರ ಸಲ್ಲದು. ದೊಡ್ಡ ಹೆಣ್ಣನ್ನು ಹಾಗೇ ಸೂಜಿಗೆ ಚುಚ್ಚಿಟ್ಟರೆ ಹೊಟ್ಟೆ ಕೊಳೆತು ಕಪ್ಪಾಗುತ್ತದೆ. ಹೊಟ್ಟೆಯ ಕೆಳಬದಿಯಲ್ಲಿ ಉದ್ದಕ್ಕೆ ಸೀಳಿ, ಕರುಳು ತೆಗೆದು, ತೆಳುವಾಗಿ ಹತ್ತಿ ತುಂಬಿ ಒಣಗಿಸಬೇಕು. ಒಳಗೆ ಸಿಕ್ಕ ಬಲಿತ ಮೊಟ್ಟೆಗಳನ್ನು ಎಸೆಯಬಾರದು. ಹಸಿರು ಬಣ್ಣ ಒಣಗಿದ ಮೇಲೆ ಕಂದಾಗುವುದರಿಂದ ಜೀವಂತವಿದ್ದಾಗಲೇ ಫೋಟೊ ತೆಗೆದಿಡಬೇಕು. ಡಿಎನ್‌ಎಗಾಗಿ ಒಂದು ಕಾಲನ್ನು ಶೇ. 95ಕ್ಕಿಂತ ಗಟ್ಟಿಯಾದ ಎಥನಾಲ್‌ನಲ್ಲಿ ಮುಳುಗಿಸಿಡುತ್ತಾರೆ. ಫಾರ್ಮಲಿನ್ ಸೋಕಿದರೆ ಡಿಎನ್‌ಎ ಕೆಟ್ಟಂತೆಯೇ. ಚೀಟಿಯಲ್ಲಿ ಜಾಗ, ಎತ್ತರ, ದಿನಾಂಕ, ತಿನ್ನುತ್ತಿದ್ದ ಗಿಡ, ಹಿಡಿದವರ ಹೆಸರು ಇರಲೇಬೇಕು. ಬರೀ ‘ಬೋರ್ನಿಯೊ’ ಎಂದು ಬರೆದ ಹಳೆಯ ಚೀಟಿಗಳು ಇಂದಿಗೂ ತಲೆನೋವು ತರುತ್ತಿವೆ.

ಇನ್ನು ಅಳತೆ. ಪತ್ರಿಕೆಗಳಲ್ಲಿ ಬರುವ ‘ವಿಶ್ವದಾಖಲೆ’ ಉದ್ದದಲ್ಲಿ ಸಾಮಾನ್ಯವಾಗಿ ಚಾಚಿದ ಕಾಲುಗಳೂ ಸೇರಿರುತ್ತವೆ. 2008ರಲ್ಲಿ ಹೆಸರು ಪಡೆದ ಬೋರ್ನಿಯೊದ ಫೋಬೇಟಿಕಸ್ ಚಾನಿ ಕಾಲು ಸೇರಿ 56.7 ಸೆಂ.ಮೀ., ಮೈ ಮಾತ್ರ 35.7 ಸೆಂ.ಮೀ. ವರ್ಗೀಕರಣಕ್ಕೆ ಬೇಕಾದದ್ದು ಎರಡನೆಯದು. ಅದರ ಜೊತೆಗೆ ಎದೆಯ ಮೂರೂ ಭಾಗಗಳು, ಪ್ರತಿ ಕಾಲಿನ ತೊಡೆ, ಕೆಳಗಾಲು, ಪಾದ, ಇವುಗಳನ್ನು ಬೇರೆಬೇರೆಯಾಗಿ ಮಿಲಿಮೀಟರ್‌ನಲ್ಲಿ ಅಳೆಯುತ್ತಾರೆ. ಇಲ್ಲೊಂದು ಬಲೆಯಿದೆ. ಮರಿಯಾಗಿದ್ದಾಗ ಕಳೆದುಕೊಂಡ ಕಾಲು ಪೊರೆ ಕಳಚುತ್ತ ಮತ್ತೆ ಬೆಳೆಯುತ್ತದೆ, ಆದರೆ ಗಿಡ್ಡವಾಗಿ. ಐದು ಗೆಣ್ಣಿರಬೇಕಾದ ಪಾದಕ್ಕೆ ಆಗ ನಾಲ್ಕೇ ಗೆಣ್ಣು. ಆ ಕಾಲನ್ನು ನಂಬಿ ‘ಗಿಡ್ಡಗಾಲಿನ ಹೊಸ ಪ್ರಭೇದ’ ಎಂದು ಬರೆದವರು ನಗೆಪಾಟಲಾಗುತ್ತಾರೆ. ಎಡ ಬಲ ಎರಡನ್ನೂ ಅಳೆದು, ಗೆಣ್ಣು ಎಣಿಸಿದರೆ ಗುಟ್ಟು ಬಯಲು.

ಗುರುತಿಗೆ ಹೆಚ್ಚು ನಂಬುವಂಥದ್ದು ಹೊಟ್ಟೆಯ ತುದಿ. ಗಂಡಿನಲ್ಲಿ ಹೆಣ್ಣನ್ನು ಹಿಡಿಯುವ ಇಕ್ಕುಳದಂಥ ಕೊನೆಯ ಖಂಡ, ಅದರಡಿಯಲ್ಲಿ ವೋಮರ್ ಎಂಬ ಗಟ್ಟಿ ಕೊಕ್ಕೆ. ಹೆಣ್ಣಿನಲ್ಲಿ ಮೊಟ್ಟೆಯಿಡುವ ಅಂಗವನ್ನು ಕೆಳಗಿನಿಂದ ಮುಚ್ಚುವ ದೋಣಿಯಾಕಾರದ ತಟ್ಟೆ. ಮೈಮೇಲಿನ ಮುಳ್ಳು, ಬಣ್ಣ ಒಂದೇ ಪ್ರಭೇದದಲ್ಲೂ ಬದಲಾಗುತ್ತವೆ. ಈ ಭಾಗಗಳು ಅಷ್ಟಾಗಿ ಬದಲಾಗುವುದಿಲ್ಲ.

ಅದಕ್ಕಿಂತಲೂ ಬೆಲೆಬಾಳುವುದು ಮೊಟ್ಟೆ. ಕಡ್ಡಿಹುಳುವಿನ ಮೊಟ್ಟೆಗೆ ಬೀಜದಂಥ ಗಟ್ಟಿ ಕವಚ, ಒಂದು ತುದಿಗೆ ಮುಚ್ಚಳ, ಎಷ್ಟೋ ಪ್ರಭೇದಗಳಲ್ಲಿ ಮುಚ್ಚಳದ ಮೇಲೊಂದು ಕೊಬ್ಬಿನ ಗುಬುಟು. ಆ ಗುಬುಟಿನ ಆಸೆಗೆ ಇರುವೆಗಳು ಮೊಟ್ಟೆಯನ್ನು ಗೂಡಿಗೆ ಹೊತ್ತೊಯ್ಯುತ್ತವೆ. ಕವಚದ ಒಂದು ಮಗ್ಗುಲಲ್ಲಿ ಸೂಕ್ಷ್ಮರಂಧ್ರವಿರುವ ತಟ್ಟೆಯೊಂದಿದೆ. ಅದರ ಆಕಾರ, ಉದ್ದ, ಕವಚದ ಮೇಲಿನ ಉಬ್ಬುತಗ್ಗು ನೋಡಿ ಕುಲವನ್ನೂ, ಬಹಳಷ್ಟು ಸಲ ಪ್ರಭೇದವನ್ನೂ ಹೇಳಬಹುದು. ಫೋಬೇಟಿಕಸ್ ಚಾನಿಯ ಮೊಟ್ಟೆಗೆ ಎರಡೂ ಬದಿ ರೆಕ್ಕೆಯಂಥ ಅಂಚುಗಳಿವೆ. ಒಂದೇ ಮೊಟ್ಟೆ ಸಾಲದು, ಹತ್ತಾದರೂ ಅಳೆಯಬೇಕು. ಒಣಗಿದ ಮೊಟ್ಟೆಯಲ್ಲಿ ಗುಬುಟು ಮುರುಟಿರುತ್ತದೆ ಎಂಬುದನ್ನೂ ಮರೆಯಬಾರದು. ಮೊಟ್ಟೆಯ ಚಿತ್ರವಿಲ್ಲದ ವಿವರಣೆ ಪ್ರಾಣಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಸಿಂಧುವೇ ಆದರೂ ಅರೆಬರೆ ಕೆಲಸ.

ಗಂಡೇ ಸಿಗದಿದ್ದರೆ? ಕೆಲವು ಪ್ರಭೇದಗಳಿಗೆ ಗಂಡಿನ ಹಂಗೇ ಇಲ್ಲ. ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಸಾಕುವ ಕರಾಸಿಯಸ್ ಮೊರೋಸಸ್ ನಮ್ಮ ನೆರೆಯ ತಮಿಳುನಾಡಿನ ಪಳನಿ ಬೆಟ್ಟದ ಮೂಲದ್ದು. ಹೆಣ್ಣುಗಳೇ ಹೆಣ್ಣುಗಳನ್ನು ಹಡೆಯುತ್ತ ಹೋಗುತ್ತವೆ.

ಮಡಗಾಸ್ಕರ್‌ನ ನೀಲಿ ಕಡ್ಡಿಹುಳುವಿನ ಕಥೆ ಇನ್ನೊಂದು ಬಗೆಯದು. ಗಂಡು ಪ್ರಾಯಕ್ಕೆ ಬಂದ ಮೇಲೆ ಕಡು ನೀಲಿಗೆ ತಿರುಗುತ್ತದೆ, ಹೆಣ್ಣು ಕಂದು. ಸಾಕುವವರ ನಡುವೆ ಅದು ಬಹುಕಾಲ ಅಕ್ರಿಯೊಪ್ಟೆರಾ ಫಲಾಕ್ಸ್ ಎಂಬ ಹೆಸರಿನಲ್ಲೇ ಕೈ ಬದಲಾಯಿಸುತ್ತಿತ್ತು. ಫಲಾಕ್ಸ್ ಎಂಬುದು 1861ರಲ್ಲಿ ಕೊಟ್ಟ ಹೆಸರು. ಮೈಕಟ್ಟನ್ನೂ ಡಿಎನ್‌ಎಯನ್ನೂ ಒಟ್ಟಿಗಿಟ್ಟು ನೋಡಿದಾಗ ಉತ್ತರ ಮಡಗಾಸ್ಕರ್‌ನ ನೀಲಿ ಹುಳು ಫಲಾಕ್ಸ್ ಅಲ್ಲವೆಂದು ಗೊತ್ತಾಯಿತು. 2019ರಲ್ಲಿ ಅದು ಅಕ್ರಿಯೊಪ್ಟೆರಾ ಮಂಗಾ ಆಯಿತು. ಮಲಗಾಸಿ ಭಾಷೆಯಲ್ಲಿ ಮಂಗಾ ಎಂದರೆ ನೀಲಿ. ಜೊತೆಗೇ ಬಣ್ಣಬಣ್ಣದ ಅಕ್ರಿಯೊಪ್ಟೆರಾ ಮರೊಲೊಕೊ ಕೂಡ ಹೆಸರು ಪಡೆಯಿತು. ಹೊಸ ಹೆಸರಿಗೆ ಮುನ್ನ ಹಳೆಯ ಹೆಸರು ಯಾವ ಮಾದರಿಗೆ ಅಂಟಿಕೊಂಡಿದೆ ಎಂದು ಹುಡುಕುವುದೇ ಇಂಥಲ್ಲಿ ಅರ್ಧ ಕೆಲಸ.

ಏಕೆಂದರೆ ಹೆಸರು ಸಾಮಾನ್ಯವಾಗಿ ಸೇರುವುದು ಒಂದೇ ಒಂದು ಮಾದರಿಗೆ, ಹೋಲೋಟೈಪ್‌ಗೆ. 1999ರ ನಂತರ ಪ್ರಕಟವಾದ ಪ್ರಭೇದದ ಹೆಸರಿಗೆ ಅಂಥ ಮಾದರಿಯನ್ನು ಸ್ಪಷ್ಟವಾಗಿ ಸೂಚಿಸಲೇಬೇಕು. ಬರೀ ಅಂತರ್ಜಾಲದಲ್ಲಿ ಪ್ರಕಟಿಸುವುದಾದರೆ ಪ್ರಾಣಿಗಳ ಹೆಸರುಗಳ ಅಧಿಕೃತ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಣಿಯೂ ಬೇಕು. ಒಂದೇ ಪ್ರಭೇದಕ್ಕೆ ಎರಡು ಹೆಸರಿದ್ದರೆ ಸಾಮಾನ್ಯವಾಗಿ ಮೊದಲು ಪ್ರಕಟವಾದದ್ದಕ್ಕೆ ಮನ್ನಣೆ. ಒಬ್ಬ ಗಂಡಸಿನ ಗೌರವಕ್ಕೆ ಇಡುವ ಹೆಸರು ‘ಇ’ಕಾರದಲ್ಲಿ ಮುಗಿಯುತ್ತದೆ: ಮಾದರಿ ಒದಗಿಸಿದ ಚಾನ್ ಅವರಿಂದ ಚಾನಿ. ಗುಣವಾಚಕವಾದರೆ ಕುಲದ ಲಿಂಗಕ್ಕೆ ತಕ್ಕಂತೆ ಬಾಲ ಬದಲಾಗಬೇಕು.

ಇದಕ್ಕೆ ಒಳ್ಳೆಯ ಉದಾಹರಣೆ ಆಸ್ಟ್ರೇಲಿಯಾದ ಲಾರ್ಡ್ ಹೌ ದ್ವೀಪದ ಕಡ್ಡಿಹುಳು. 1855ರಲ್ಲಿ ಕರಾಬಿಡಿಯನ್ ಆಸ್ಟ್ರೇಲೆ ಎಂದಿದ್ದದ್ದು ಇಂದು ಪುಲ್ಲಿಂಗದ ಡ್ರಯೊಕೊಸೆಲಸ್ ಕುಲದಲ್ಲಿ ಆಸ್ಟ್ರೇಲಿಸ್. ಪ್ರಭೇದದ ಹೆಸರಿನ ಜೊತೆಗೆ ಬರೆಯುವ, ಅದನ್ನು ಮೊದಲು ವಿವರಿಸಿದ ಮಾಂಟ್ರೂಜಿಯೆ ಅವರ ಹೆಸರು ಈಗ ಆವರಣದೊಳಗೆ. ಕುಲ ಬದಲಾಗಿದೆ ಎಂಬ ಸೂಚನೆ ಅದು. 1918ರಲ್ಲಿ ಹಡಗಿನಿಂದಿಳಿದ ಇಲಿಗಳು ಈ ಹುಳುವನ್ನು ದ್ವೀಪದಿಂದ ಅಳಿಸಿದವು. 2001ರಲ್ಲಿ ಹತ್ತಿರದ ಬಾಲ್ಸ್ ಪಿರಮಿಡ್ ಎಂಬ ಬಂಡೆಯ ಮೇಲೆ ಅಂಥದ್ದೇ ಹುಳುಗಳು ಸಿಕ್ಕವು. ಅವುಗಳ ಮೈ ಹಳೆಯ ಮಾದರಿಗಳಿಗೆ ಪೂರ್ತಿ ಹೊಂದುತ್ತಿರಲಿಲ್ಲ. ಬೇರೆ ಪ್ರಭೇದವಾಗಿದ್ದರೆ ಅವುಗಳನ್ನು ಲಾರ್ಡ್ ಹೌಗೆ ಮರಳಿಸುತ್ತೇವೆ ಎಂಬ ಮಾತಿಗೆ ಅರ್ಥವಿರುತ್ತಿರಲಿಲ್ಲ. 2017ರಲ್ಲಿ ಸಂಗ್ರಹಾಲಯದ ಒಣ ಮಾದರಿಗಳ ಡಿಎನ್‌ಎಯೊಡನೆ ಹೋಲಿಸಿದಾಗ ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆ. ಮೆಲ್ಬರ್ನ್ ಮೃಗಾಲಯ 2003ರಿಂದ ಸಾಕುತ್ತ ಬಂದ ಸಂತತಿಗೆ ಹಳೆಯ ಹೆಸರೇ ಗಟ್ಟಿಯಾಯಿತು.