ನಾಲ್ಕು ವೃತ್ತಗಳ ನಡುವೆ ಸಿಕ್ಕಿಕೊಂಡವರು

ಹೋದ ವರ್ಷ ಒಬ್ಬ ಹುಡುಗಿ ನನ್ನ ಹತ್ತಿರ ಬಂದಿದ್ದಳು. 29 ವರ್ಷ, ಸಾಫ್ಟ್‌ವೇರ್ ಕೆಲಸ. ಕೂತವಳೇ ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಒಂದು ಪುಟ ನನ್ನ ಮುಂದಿಟ್ಟಳು. ನಾಲ್ಕು ವೃತ್ತಗಳು, ಒಂದರೊಳಗೊಂದು ಹಾಯ್ದಿದ್ದವು. ಕಂಪಾಸ್ ಇಟ್ಟು ನೀಟಾಗಿ ಬರೆದದ್ದು. ನನಗೆ ಇಷ್ಟವಾದದ್ದು, ನನಗೆ ಚೆನ್ನಾಗಿ ಬರುವುದು, ಲೋಕಕ್ಕೆ ಬೇಕಾದದ್ದು, ದುಡ್ಡು ಸಿಗುವುದು. ನಾಲ್ಕೂ ಕೂಡುವ ನಡುವಿನ ಜಾಗ ಮಾತ್ರ ಖಾಲಿ. ಅಲ್ಲಿ ಬರೆದು, ರಬ್ಬರಿನಲ್ಲಿ ಉಜ್ಜಿ, ಮತ್ತೆ ಬರೆದು, ಮತ್ತೆ ಉಜ್ಜಿ ಹಾಳೆಯೇ ಸವೆದುಹೋಗಿತ್ತು.

"ಆರು ತಿಂಗಳಿಂದ ಯೋಚಿಸ್ತಿದೀನಿ ಮೇಡಂ. ಮಧ್ಯದಲ್ಲಿ ಏನೂ ಬರ್ತಿಲ್ಲ. ನನಗೆ ಇಕಿಗಾಯ್ ಇಲ್ಲ ಅನ್ಸುತ್ತೆ."

ಇಕಿಗಾಯ್ ಜಪಾನಿ ಪದ, ಬದುಕು ಸಾರ್ಥಕ ಅನ್ನಿಸುವಂಥದ್ದು ಎಂದು ಅರ್ಥ. ಈ ನಾಲ್ಕು ವೃತ್ತಗಳ ನಡುವೆ ಅದು ಸಿಗುತ್ತದೆ ಎಂದು ನಂಬಿದ ಇಂಥವರು ಈಗೀಗ ಜಾಸ್ತಿ ಬರುತ್ತಿದ್ದಾರೆ. (ಇಲ್ಲಿ ಹೇಳುವವರ ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.) ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಮನಸ್ಸಿಗೆ ನೆಮ್ಮದಿ ಕೊಡಬೇಕಾದ ಒಂದು ಚಿತ್ರ ಹೀಗೆ ಹೊಸ ಸಂಕಟ ತಂದಿಡುವುದನ್ನು ನೋಡಿ ಮೊದಲು ನಗು ಬರುತ್ತಿತ್ತು, ಈಗ ಸಿಟ್ಟು ಬರುತ್ತದೆ. ಯಾಕೆಂದರೆ ಆ ಚಿತ್ರ ಜಪಾನಿನದಲ್ಲ.

ಅದರ ಕತೆ ಚಿಕ್ಕದು. ಸ್ಪೇನಿನ ಆಂಡ್ರೆಸ್ ಸುಸುನಾಗಾ ಎಂಬ ಜ್ಯೋತಿಷಿ ಈ ನಾಲ್ಕು ವೃತ್ತ ಬರೆದು ನಡುವೆ 'ಉದ್ದೇಶ' ಎಂದು ಬರೆದಿದ್ದರು. 2014ರಲ್ಲಿ ಮಾರ್ಕ್ ವಿನ್ ಎಂಬ ಇಂಗ್ಲಿಷ್ ಬ್ಲಾಗರ್ ಆ ಪದ ತೆಗೆದು ಅದೇ ಜಾಗದಲ್ಲಿ 'ಇಕಿಗಾಯ್' ಎಂದು ಹಾಕಿದರು. ಓಕಿನಾವಾ ದ್ವೀಪದಲ್ಲಿ ನೂರು ದಾಟಿ ಬದುಕುವ ಮುದುಕರ ಬಗ್ಗೆ ಒಂದು ಭಾಷಣ ಕೇಳಿ ಅವರಿಗೆ ಆ ಪದ ಹಿಡಿಸಿತ್ತು. ಅಷ್ಟೇ. ಆಮೇಲೆ ಆ ಚಿತ್ರ ಜಗತ್ತನ್ನೆಲ್ಲ ಸುತ್ತಿ, ಆಫೀಸಿನ ಟ್ರೇನಿಂಗುಗಳಿಗೆ ಹೊಕ್ಕು, ನಮ್ಮ ಹುಡುಗಿಯ ನೋಟ್‌ಬುಕ್ಕಿಗೂ ಬಂತು.

ಜಪಾನಿನಲ್ಲಿ ಇಕಿಗಾಯ್ ದಿನಬಳಕೆಯ ಮಾತು. 'ಇಕಿ' ಎಂದರೆ ಬದುಕು, 'ಗಾಯ್' ಎಂದರೆ ಸಾರ್ಥಕ ಅನ್ನಿಸುವ ಗುಣ. ಕೆಲಸದ ವಿಷಯಕ್ಕೆ ಅವರಲ್ಲಿ ಬೇರೆ ಪದವೇ ಇದೆ, 'ಹತರಾಕಿಗಾಯ್'. ಒಂದು ಕೆಲಸ ಮಾಡಿದ್ದಕ್ಕೂ ಸಾರ್ಥಕವಾಯಿತು ಅನ್ನುವುದಕ್ಕೆ 'ಯಾರಿಗಾಯ್'. ಇಕಿಗಾಯ್‌ಗೆ ಸಂಬಳ ಬರಬೇಕೆಂದಿಲ್ಲ, ಅದು ನಿಮಗೆ ಚೆನ್ನಾಗಿ ಬರಬೇಕೆಂದೂ ಇಲ್ಲ. ಅಲ್ಲಿನ ಅಜ್ಜಿಯೊಬ್ಬಳು "ಮೊಮ್ಮಗನೇ ನನ್ನ ಇಕಿಗಾಯ್" ಅನ್ನುತ್ತಾಳೆ. ನಮ್ಮಲ್ಲಿ ಇದಕ್ಕೆ ಏನು ಹೇಳುತ್ತೇವೆ? "ಮಗುವಿನ ಮುಖ ನೋಡ್ಕೊಂಡು ಬದುಕಿದೀನಿ" ಅನ್ನುತ್ತೇವೆ. ಆ 'ಮುಖ ನೋಡಿಕೊಂಡು' ಅನ್ನುವುದಿದೆಯಲ್ಲ, ನನ್ನ ಮಟ್ಟಿಗೆ ಇಕಿಗಾಯ್‌ಗೆ ಅದಕ್ಕಿಂತ ಹತ್ತಿರದ ಕನ್ನಡ ಇಲ್ಲ. ಅದನ್ನು ಯಾರೂ ವೃತ್ತ ಬರೆದು ಹುಡುಕುವುದಿಲ್ಲ, ಅಲ್ವಾ?

ಇಕಿಗಾಯ್ ಬಗ್ಗೆ ನಿಜವಾಗಿ ಕೂತು ಯೋಚಿಸಿದವರು ಒಬ್ಬ ಮನೋವೈದ್ಯೆ. ಹೆಸರು ಮಿಯೆಕೊ ಕಾಮಿಯಾ (1914-1979). ನಮ್ಮ ಕ್ಷೇತ್ರದವರಿಗೇ ಅವರ ಹೆಸರು ಅಷ್ಟಾಗಿ ಗೊತ್ತಿಲ್ಲ ಅನ್ನುವುದು ಬೇಸರದ ಸಂಗತಿ. ಚಿಕ್ಕ ವಯಸ್ಸಿನಲ್ಲೇ ಅವರಿಗೆ ಕ್ಷಯ ಬಂದಿತ್ತು. ಬದುಕುತ್ತೇನೋ ಇಲ್ಲವೋ ಎಂಬ ಪ್ರಶ್ನೆಯೊಂದಿಗೆ ವರ್ಷಗಳನ್ನು ಕಳೆದವರು. ಮುಂದೆ ಡಾಕ್ಟರಾಗಿ 1957ರಿಂದ ನಾಗಶಿಮಾ ಎಂಬ ಪುಟ್ಟ ದ್ವೀಪಕ್ಕೆ ಹೋಗಿಬಂದು ಕೆಲಸ ಮಾಡಿದರು. ಅಲ್ಲಿದ್ದದ್ದು ಐಸೇಯೆನ್ ಕುಷ್ಠರೋಗಾಲಯ. 1930ರಲ್ಲಿ ಶುರುವಾದ, ಜಪಾನ್ ಸರ್ಕಾರದ ಮೊದಲ ರಾಷ್ಟ್ರೀಯ ಕುಷ್ಠರೋಗಾಲಯ ಅದು.

ಆ ಜಾಗ ಹೇಗಿತ್ತು ಎಂದು ಸ್ವಲ್ಪ ಹೇಳಲೇಬೇಕು. ರೋಗಿಗಳನ್ನು ಕಾನೂನಿನ ಬಲದಿಂದ ಮನೆಮಂದಿಯಿಂದ ಬೇರ್ಪಡಿಸಿ ತಂದು ಬಿಡುತ್ತಿದ್ದರು. ಎಷ್ಟೋ ಜನ ಊರಿನ ಮನೆತನಕ್ಕೆ ಕೆಟ್ಟ ಹೆಸರು ಬಾರದಿರಲಿ ಎಂದು ಹೆಸರನ್ನೇ ಬದಲಿಸಿಕೊಂಡರು. ಕುಷ್ಠಕ್ಕೆ ಔಷಧಿ ಬಂದು ರೋಗ ವಾಸಿಯಾಗತೊಡಗಿದ ಮೇಲೂ ಆ ಕಾನೂನು ಹೋಗಲಿಲ್ಲ. ಅದು ರದ್ದಾದದ್ದು 1996ರಲ್ಲಿ. ದ್ವೀಪಕ್ಕೂ ನೆಲಕ್ಕೂ ನಡುವೆ ಇರುವ ನೀರು ತೀರಾ ಕಡಿಮೆ. ಅಷ್ಟಕ್ಕೆ ಒಂದು ಸೇತುವೆ ಆಗುವುದಕ್ಕೆ 1988 ಬರಬೇಕಾಯಿತು.

ಅಲ್ಲಿ ಕಾಮಿಯಾ ಒಂದು ವಿಚಿತ್ರ ಗಮನಿಸಿದರು. ಮೈಗೆ ಅಷ್ಟೇನೂ ತೊಂದರೆಯಿಲ್ಲದ, ಓಡಾಡಿಕೊಂಡಿದ್ದ ಅನೇಕರು "ಹೊತ್ತೇ ಹೋಗುವುದಿಲ್ಲ, ಯಾಕಾದರೂ ಇದ್ದೀನೋ" ಅನ್ನುತ್ತಿದ್ದರು. ಕಣ್ಣು ಕಳೆದುಕೊಂಡ, ಬೆರಳು ಹೋದ ಕೆಲವರು ಉತ್ಸಾಹದಿಂದ ಇದ್ದರು. ಈ ವ್ಯತ್ಯಾಸ ಎಲ್ಲಿಂದ ಬಂತು? ಇದೇ ಅವರ ಪ್ರಶ್ನೆ. ಉತ್ತರ ಹುಡುಕುತ್ತಾ ಹುಡುಕುತ್ತಾ ಅದು 1966ರಲ್ಲಿ ಒಂದು ಪುಸ್ತಕವಾಗಿ ಹೊರಬಂತು.

ಐಸೇಯೆನ್‌ನ ಒಂದು ಸಂಗತಿ ನನ್ನ ತಲೆಯಿಂದ ಹೋಗುವುದೇ ಇಲ್ಲ. ಅಲ್ಲಿನ ಕುರುಡು ರೋಗಿಗಳು ಕೂಡಿ ಒಂದು ಹಾರ್ಮೋನಿಕಾ ತಂಡ ಕಟ್ಟಿಕೊಂಡಿದ್ದರು. ಕುರುಡರಾದರೆ ಬ್ರೈಲ್ ಓದಬಹುದು. ಆದರೆ ಕುಷ್ಠದಿಂದ ಬೆರಳಿನ ಸ್ಪರ್ಶವೂ ಹೋಗಿರುತ್ತದಲ್ಲ. ಸ್ಪರ್ಶ ಉಳಿದಿದ್ದದ್ದು ನಾಲಿಗೆಯಲ್ಲಿ. ಹಾಗಾಗಿ ಬ್ರೈಲ್ ಚುಕ್ಕೆಗಳನ್ನು ನಾಲಿಗೆಯಿಂದ ಮುಟ್ಟಿ ಮುಟ್ಟಿ ಓದುವುದನ್ನು ಕಲಿತರು. ನಾಲಿಗೆಯಿಂದ ಓದಿ, ಹಾರ್ಮೋನಿಕಾ ನುಡಿಸಿದರು.

ಇದಕ್ಕೆ ನಾಲ್ಕು ವೃತ್ತ ಹಾಕಿ ನೋಡಿ. ದುಡ್ಡು ಸಿಗುತ್ತಿತ್ತೇ? ಇಲ್ಲ. ಲೋಕಕ್ಕೆ ಬೇಕಿತ್ತೇ? ಲೋಕ ಅವರನ್ನೇ ಬೇಡವೆಂದು ದ್ವೀಪದಲ್ಲಿ ಬಿಟ್ಟಿತ್ತು.

ಕಾಮಿಯಾ ಎರಡು ವಿಷಯವನ್ನು ಬೇರೆಬೇರೆಯಾಗಿ ನೋಡಿದರು. ಒಂದು, ಯಾವುದರಿಂದ ಬದುಕು ಸಾರ್ಥಕ ಅನ್ನಿಸುತ್ತದೋ ಅದು: ಮಗು, ತೋಟ, ಸಂಗೀತ, ಒಂದು ಕೆಲಸ. ಇನ್ನೊಂದು, ಹಾಗೆ ಅನ್ನಿಸುವ ಅನುಭವ. ಮೊದಲನೆಯದು ಕೈತಪ್ಪಬಹುದು. ಮಗ ಸಾಯಬಹುದು, ಕೆಲಸ ಹೋಗಬಹುದು. ಆದರೆ ಆ ಅನುಭವ ಹಳೆಯ ಆಸರೆ ಬಿಟ್ಟು ಬೇರೊಂದನ್ನು ಹಿಡಿದುಕೊಂಡು ಮತ್ತೆ ಚಿಗುರಬಲ್ಲದು. ನಿಧಾನವಾಗಿ, ನೋವಿನ ಜೊತೆಗೇ. ಕ್ಲಿನಿಕ್ಕಿನಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಮಾತು ಇದು.

ನಿವೃತ್ತ ಹೆಡ್‌ಮಾಸ್ಟರ್ ಒಬ್ಬರ ವಿಷಯ ಹೇಳುತ್ತೇನೆ. 60 ತುಂಬಿ ನಿವೃತ್ತರಾಗಿ ಎಂಟು ತಿಂಗಳಾಗಿತ್ತು. ನಿದ್ದೆಯಿಲ್ಲ, ಊಟ ರುಚಿಸುವುದಿಲ್ಲ. ಅವರಿಗಿಂತ ಅವರ ಹೆಂಡತಿಯ ದೂರೇ ಜಾಸ್ತಿಯಿತ್ತು. "ಅಡುಗೆಮನೆಗೆ ಬಂದು ಒಂದೊಂದೇ ಡಬ್ಬದ ಮುಚ್ಚಳ ತೆಗೆದು ನೋಡ್ತಾರೆ ಮೇಡಂ. ಬೇಳೆ ಯಾಕೆ ಇಷ್ಟು ಬೇಗ ಖಾಲಿಯಾಯ್ತು ಅಂತಾರೆ. ಮೂವತ್ತೈದು ವರ್ಷದಲ್ಲಿ ಒಂದು ದಿನ ಕೇಳಿದವರಲ್ಲ." ಜಪಾನಿನಲ್ಲಿ ಇಂಥ ಗಂಡಂದಿರಿಗೆ ಒಂದು ಅಡ್ಡಹೆಸರಿದೆ: 'ನುರೆ ಓಚಿಬಾ', ಒದ್ದೆ ತರಗೆಲೆ. ಎಷ್ಟು ಗುಡಿಸಿದರೂ ನೆಲಕ್ಕೆ ಅಂಟಿಕೊಂಡೇ ಇರುತ್ತದೆ ಅಂತ. ಹೇಳಿದೆ. ಆಕೆ ನಕ್ಕಿದ್ದು ಈಗಲೂ ಕಿವಿಯಲ್ಲಿದೆ. ಮೇಷ್ಟ್ರು ನಗಲಿಲ್ಲ.

ಅವರು ಬಂದದ್ದು "ಇನ್ನು ನನ್ನ ಉದ್ದೇಶ ಏನು" ಎಂಬ ದೊಡ್ಡ ಪ್ರಶ್ನೆ ಹಿಡಿದುಕೊಂಡು. ನಾನು ಅದನ್ನು ಅಲ್ಲೇ ಬಿಟ್ಟು, ಸ್ಕೂಲಿನಲ್ಲಿ ಯಾವ ಗಂಟೆ ನಿಮಗೆ ಇಷ್ಟ ಎಂದು ಕೇಳಿದೆ. ಸುಮ್ಮನೆ ಯೋಚಿಸಿ, ಬೆಳಗ್ಗೆ ಗೇಟಿನ ಹತ್ತಿರ ನಿಂತು ಮಕ್ಕಳು ಬರುವುದನ್ನು ನೋಡುವ ಗಂಟೆ ಎಂದರು. ಪಾಠವೂ ಅಲ್ಲ, ಕುರ್ಚಿಯೂ ಅಲ್ಲ! ಅವರಿಗೇ ಅದು ಅಷ್ಟರತನಕ ಗೊತ್ತಿರಲಿಲ್ಲ.

ಸಂಶೋಧನೆ ಏನನ್ನುತ್ತದೆ ಎಂದು ಕೇಳುವವರಿಗೆ ಒಂದನ್ನು ಹೇಳುತ್ತೇನೆ. ಜಪಾನಿನ ಮಿಯಾಗಿ ಪ್ರಾಂತ್ಯದ ಓಸಾಕಿಯಲ್ಲಿ (ಒಸಾಕಾ ಅಲ್ಲ) 40ರಿಂದ 79 ವಯಸ್ಸಿನ 43,391 ಜನರನ್ನು "ನಿಮಗೆ ಇಕಿಗಾಯ್ ಇದೆಯೇ" ಎಂದು ಕೇಳಿ, ಏಳು ವರ್ಷ ಅವರ ಆರೋಗ್ಯವನ್ನು ಗಮನಿಸಿದರು. ಫಲಿತಾಂಶ 2008ರಲ್ಲಿ ಬಂತು. ಇಲ್ಲ ಎಂದವರಲ್ಲಿ ಸಾವಿನ ಪ್ರಮಾಣ ಜಾಸ್ತಿ, ಅದರಲ್ಲೂ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ. ಕ್ಯಾನ್ಸರಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಇದನ್ನು ಹಿಡಿದುಕೊಂಡು "ಇಕಿಗಾಯ್ ಇದ್ದರೆ ಆಯಸ್ಸು ಹೆಚ್ಚುತ್ತೆ" ಎಂದು ಕುಣಿಯಬೇಡಿ. ಇಲ್ಲ ಎಂದವರಲ್ಲಿ ಕೆಲಸವಿಲ್ಲದವರು, ಒಂಟಿಯಾಗಿದ್ದವರು, ಮೈನೋವಿನವರು ಮೊದಲೇ ಜಾಸ್ತಿ ಇದ್ದರು. ಲೆಕ್ಕದಲ್ಲಿ ಅದನ್ನೆಲ್ಲ ಸರಿದೂಗಿಸಿದ್ದಾರೆ ನಿಜ. ಆದರೂ ಯಾವುದರಿಂದ ಯಾವುದು ಎಂದು ಇಂಥ ಅಧ್ಯಯನ ಖಚಿತವಾಗಿ ಹೇಳಲಾರದು. ನನಗೆ ಹಿಡಿಸಿದ್ದು ಬೇರೆ ವಿಷಯ. ಕೇಳಿದ್ದು ಒಂದೇ ಪ್ರಶ್ನೆ, ಯಾವ ವಿವರಣೆಯೂ ಇಲ್ಲದೆ. ಅಲ್ಲಿನವರಿಗೆ ಆ ಪದ ಅಷ್ಟು ಸಲೀಸು.

ಇನ್ನು 'ಸಮತೋಲನ'. ಜಪಾನಿನಿಂದ ಬದುಕಿನ ಸಮತೋಲನ ಕಲಿಯಿರಿ ಅನ್ನುವವರು ಇನ್ನೊಂದು ಜಪಾನಿ ಪದವನ್ನೂ ಹೇಳಬೇಕು: 'ಕರೋಶಿ', ದುಡಿದು ದುಡಿದು ಸಾಯುವುದು. ಇದನ್ನು ತಡೆಯಲೆಂದೇ ಅಲ್ಲಿ 2014ರಲ್ಲಿ ಒಂದು ಕಾನೂನು ಬಂತು. 2018ರಲ್ಲಿ ಓವರ್‌ಟೈಮ್‌ಗೆ ಮಿತಿ ಹಾಕಿದರು. ಸಾಮಾನ್ಯವಾಗಿ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360 ಗಂಟೆ. ವಿಶೇಷ ಸಂದರ್ಭದಲ್ಲಿ ಒಂದು ತಿಂಗಳಿಗೆ 100ರೊಳಗೆ. ನೂರು ಗಂಟೆ ಓವರ್‌ಟೈಮು! ಕಡಿವಾಣ ಹಾಕಿದ ಮೇಲಿನ ಲೆಕ್ಕ ಇದು.

ಅಲ್ಲಿನ ಸಮಾಜಶಾಸ್ತ್ರಜ್ಞೆ ಯುಕಿ ಹೋಂಡಾ 'ಯಾರಿಗಾಯ್ ಸಕುಶು' ಎಂಬ ಮಾತನ್ನು ಬಳಕೆಗೆ ತಂದರು. ಸಾರ್ಥಕತೆಯ ಹೆಸರಿನಲ್ಲಿ ಸುಲಿಗೆ ಎಂದು ಅರ್ಥ. "ನಿಮಗೆ ಇಷ್ಟದ ಕೆಲಸ ತಾನೇ, ಸಂಬಳ ಕಡಿಮೆಯಾದರೇನು, ಲೇಟಾದರೇನು" ಅನ್ನುವ ಜಾತಿ. ಇಷ್ಟವನ್ನೂ ದುಡ್ಡನ್ನೂ ಒಂದೇ ವೃತ್ತದೊಳಗೆ ತುರುಕಿದರೆ ಇದೇ ಆಗುವುದು. ನಮ್ಮಲ್ಲೂ ಇದೆ, ಹೆಸರು ಬೇರೆ. ನನ್ನ ಹತ್ತಿರ ಬರುವ ನರ್ಸ್ ಒಬ್ಬಳಿಗೆ ಸತತ ಎರಡು ಶಿಫ್ಟ್ ಹಾಕಿ "ಸೇವೆ ಅಂತ ತಿಳ್ಕೋಮ್ಮ" ಅಂದಿದ್ದರಂತೆ. ಅವಳಿಗೆ ನಾನು ಯಾವ ತತ್ತ್ವವನ್ನೂ ಹೇಳಲಿಲ್ಲ. ಡ್ಯೂಟಿ ಚಾರ್ಟ್ ತರಿಸಿ ಗಂಟೆ ಲೆಕ್ಕ ಹಾಕಿದೆವು. ಎಷ್ಟೋ ಸಲ ಸಮಸ್ಯೆ ಮನಸ್ಸಿನಲ್ಲಿ ಇರುವುದಿಲ್ಲ, ರಜೆಯಲ್ಲಿ ಇರುತ್ತದೆ.

ಇದನ್ನು ಓದಿದವರು ಕಾಯಕದ ಮಾತು ಎತ್ತುತ್ತಾರೆ ಎಂದು ಗೊತ್ತು. ಭಾಷಣಕ್ಕೆ ಹೋದಲ್ಲೆಲ್ಲ ಎತ್ತುತ್ತಾರೆ. ಹತ್ತಿರವಿದೆ, ಒಂದೇ ಅಲ್ಲ. ಕಾಯಕದಲ್ಲಿ ದುಡಿಮೆ ಇದೆ, ದುಡಿದದ್ದನ್ನು ಹಂಚುವ ದಾಸೋಹ ಇದೆ. ಇಕಿಗಾಯ್‌ನಲ್ಲಿ ಸುಮ್ನೆ ಬೆಳಗಿನ ಕಾಫಿಗೂ ಜಾಗವಿದೆ.

ಹುಡುಗಿಗೆ ಮರಳೋಣ. ಅವಳಿಗೆ ಕೆಲಸಕ್ಕೆ ಬಂದದ್ದು ಕಾಮಿಯಾ ಅಲ್ಲ, ಶೋಮಾ ಮೊರಿತಾ (1874-1938). ಟೋಕಿಯೋದ ಈ ಮನೋವೈದ್ಯರಿಗೆ ವಿದ್ಯಾರ್ಥಿ ದಿನಗಳಲ್ಲಿ ವಿಪರೀತ ಎದೆಬಡಿತ, ಭಯ. ಮನೆಯಿಂದ ದುಡ್ಡು ಬರುವುದು ನಿಂತಾಗ ಸಿಟ್ಟು ಬಂದು, ಸತ್ತರೆ ಸಾಯಲಿ ಎಂದು ಔಷಧಿ ಬಿಟ್ಟು ಪರೀಕ್ಷೆಗೆ ಓದಲು ಕೂತರು. ಪರೀಕ್ಷೆ ಚೆನ್ನಾಗಾಯಿತು, ಭಯ ಎಲ್ಲೋ ಸರಿದುಹೋಗಿತ್ತು. (ಔಷಧಿ ಬಿಡುವುದನ್ನು ನೀವು ಮಾಡಬೇಡಿ.) ಈ ಅನುಭವವೂ ಸೇರಿ ಮುಂದೆ ಅವರ ಚಿಕಿತ್ಸೆ ರೂಪುಗೊಂಡಿತು. ಮೊದಲು ಕೆಲವು ದಿನ ಬರೀ ಮಲಗಿರಬೇಕು. ಓದುವಂತಿಲ್ಲ, ಹರಟುವಂತಿಲ್ಲ. ಬೇಸರ ಹತ್ತಿ ಏನಾದರೂ ಮಾಡೋಣ ಅನ್ನಿಸಿದಾಗ ಸಣ್ಣಪುಟ್ಟ ಕೆಲಸ, ಡೈರಿ. ಆಮೇಲೆ ಸೌದೆ ಒಡೆಯುವಂಥ ಮೈಮುರಿಯುವ ಕೆಲಸ. ಕೊನೆಗೆ ಮನೆಗೆ. ತಿರುಳು ಒಂದು ಪದದಲ್ಲಿದೆ: 'ಅರುಗಮಾಮಾ', ಇದ್ದದ್ದು ಇದ್ದ ಹಾಗೆ. ಭಯ ಹೋದಮೇಲೆ ಕೆಲಸ ಮಾಡುತ್ತೇನೆ ಎಂದು ಕಾಯಬೇಡ. ಭಯವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮುಂದಿರುವ ಕೆಲಸ ಮಾಡು.

ನಾನು ಮೊರಿತಾ ಪದ್ಧತಿಯಲ್ಲಿ ತರಬೇತಿ ಪಡೆದವಳಲ್ಲ. ಅವರಿಂದ ಈ ಒಂದು ಮಾತನ್ನು ಸಾಲ ತಂದಿದ್ದೇನೆ. ಹುಡುಗಿಗೆ "ಉದ್ದೇಶ ಸಿಗೋವರೆಗೂ ಏನೂ ಮಾಡಕ್ಕೆ ಮನಸ್ಸಿಲ್ಲ" ಎಂಬುದೇ ಗಂಟಾಗಿತ್ತು. ಅದನ್ನು ತಿರುಗಿಸಿದೆವು. ನಾಳೆ ಬೆಳಗ್ಗೆ ಏಳಕ್ಕೆ ಏನು ಮಾಡುತ್ತೀಯ, ಅಷ್ಟೇ ಬರಿ. ಮೊದಲ ವಾರ ಬರೆದದ್ದು: ಬಟ್ಟೆ ಮಡಚಿದೆ, ಕರಿಬೇವಿನ ಕುಂಡಕ್ಕೆ ನೀರು ಹಾಕಿದೆ, ಅಮ್ಮನಿಗೆ ಫೋನ್ ಮಾಡಿದೆ. ಮೂರನೇ ವಾರ ಪಕ್ಕದಲ್ಲಿ ತಾನಾಗಿಯೇ ಒಂದು ಸಾಲು ಸೇರಿಸಿದ್ದಳು: "ಫೋನಿನಲ್ಲಿ ಅಮ್ಮ ನಕ್ಕಳು."

ಒಂದು ಎಚ್ಚರಿಕೆ. ಎರಡು ವಾರಕ್ಕೂ ಮೀರಿ ದಿನವಿಡೀ ಮಂಕು ಕವಿದಿದ್ದರೆ, ನಿದ್ದೆ-ಹಸಿವು ಕೆಟ್ಟಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ ಅದು ಇಕಿಗಾಯ್ ಹುಡುಕುವ ಹೊತ್ತಲ್ಲ. ಡಾಕ್ಟರನ್ನು ನೋಡಿ. ಸರ್ಕಾರದ ಟೆಲಿ-ಮಾನಸ್ 14416ಕ್ಕೆ ದುಡ್ಡಿಲ್ಲದೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಮೇಷ್ಟ್ರಿಗೂ ಮೊದಲ ಕೆಲವು ತಿಂಗಳು ಮಾತ್ರೆ ಬೇಕಾಯಿತು.

ಈಗ ಅವರು ಬೆಳಗ್ಗೆ ತಮ್ಮ ಬೀದಿಯ ಮೂಲೆಯಲ್ಲಿ ಶಾಲೆಗೆ ಹೋಗುವ ಮಕ್ಕಳನ್ನು ರಸ್ತೆ ದಾಟಿಸುತ್ತಾರೆ. ಯಾರೂ ಹೇಳಿದ್ದಲ್ಲ. ಹೋದ ತಿಂಗಳು ಫಾಲೋಅಪ್‌ಗೆ ಹತ್ತು ಗಂಟೆಯ ಅಪಾಯಿಂಟ್‌ಮೆಂಟ್ ಕೊಟ್ಟರೆ ಹತ್ತೂವರೆಗೆ ಬಂದರು. ಎಲ್‌ಕೆಜಿ ಹುಡುಗನೊಬ್ಬನ ಆಟೋ ತಡವಾಗಿತ್ತಂತೆ. ಹೆಂಡತಿಯ ದೂರು ಬದಲಾಗಿದೆ. ಮಳೆಗಾಲದಲ್ಲಿ ಕೆಸರು ಚಪ್ಪಲಿ ಹಾಕಿಕೊಂಡೇ ಹಾಲ್ ತನಕ ಬರುತ್ತಾರಂತೆ.