ಪದ ಪರಿಚಯ: ಬಹುಬಿಟ್ ಎಂರಾಮ್ ಕೋಶ

ಮಾಹಿತಿಯನ್ನು ವಿದ್ಯುದಾವೇಶದ ರೂಪದಲ್ಲಲ್ಲದೆ ಕಾಂತೀಯತೆಯ ದಿಕ್ಕಿನಲ್ಲಿ ಹಿಡಿದಿಡುವ ಸ್ಮೃತಿ ಚಿಪ್‌ಗೆ ಎಂರಾಮ್ ಎಂದು ಹೆಸರು. ವಿದ್ಯುತ್ ಕಡಿತಗೊಂಡರೂ ಅದರಲ್ಲಿ ಬರೆದದ್ದು ಅಳಿಯುವುದಿಲ್ಲ. ಇಂದು ಮಾರಾಟವಾಗುವ ಎಂರಾಮ್‌ಗಳಲ್ಲಿ ಮಾಹಿತಿ ಹಿಡಿದಿಡುವ ಒಂದು ಘಟಕಕ್ಕೆ, ಅಂದರೆ ಒಂದು ಕೋಶಕ್ಕೆ, ಒಂದೇ ಬಿಟ್ (ಸೊನ್ನೆ ಅಥವಾ ಒಂದು). ಅದೇ ಕೋಶದಲ್ಲಿ ಎರಡು ಅಥವಾ ಹೆಚ್ಚು ಬಿಟ್‌ಗಳನ್ನು ಇರಿಸುವಂತೆ ರಚಿಸಿದಾಗ ಅದನ್ನು ಬಹುಬಿಟ್ ಕೋಶ ಎನ್ನುತ್ತಾರೆ. ಎರಡು ಬಿಟ್‌ಗಳಿಗೆ ಒಂದರಿಂದೊಂದು ಸ್ಪಷ್ಟವಾಗಿ ಬೇರೆಯಾದ ನಾಲ್ಕು ಸ್ಥಿತಿಗಳು ಬೇಕು, ಮೂರು ಬಿಟ್‌ಗಳಿಗೆ ಎಂಟು.

ಕೋಶದ ಹೃದಯಭಾಗ ಮ್ಯಾಗ್ನೆಟಿಕ್ ಟನಲ್ ಜಂಕ್ಷನ್. ಎರಡು ಕಾಂತೀಯ ಪದರಗಳ ನಡುವೆ ಸುಮಾರು ಒಂದು ನ್ಯಾನೋಮೀಟರ್ ದಪ್ಪದ ಅವಾಹಕ ಪದರವಿರುತ್ತದೆ. ಅದು ಎಷ್ಟು ತೆಳುವೆಂದರೆ, ಕ್ವಾಂಟಂ ನಿಯಮದ ಪ್ರಕಾರ ಎಲೆಕ್ಟ್ರಾನ್‌ಗಳು ಅದನ್ನು ಹಾದುಹೋಗಬಲ್ಲವು. ಒಂದು ಕಾಂತೀಯ ಪದರದ ದಿಕ್ಕು ಸ್ಥಿರ, ಇನ್ನೊಂದರದು ಬದಲಾಗಬಲ್ಲದು. ಎರಡೂ ಒಂದೇ ದಿಕ್ಕಿಗಿದ್ದರೆ ವಿದ್ಯುತ್ ರೋಧ ಕಡಿಮೆ, ವಿರುದ್ಧವಾಗಿದ್ದರೆ ಹೆಚ್ಚು; ರೋಧವನ್ನು ಅಳೆದು ಬಿಟ್ ಯಾವುದೆಂದು ಓದುತ್ತಾರೆ. ಈ ಪರಿಣಾಮವನ್ನು 1975ರಲ್ಲಿ ಫ್ರಾನ್ಸಿನ ಮಿಶೆಲ್ ಜೂಲಿಯೇರ್ ಅತಿ ಕಡಿಮೆ ಉಷ್ಣತೆಯಲ್ಲಿ ತೋರಿಸಿದರು. 1995ರಲ್ಲಿ, ಮದರಾಸಿನ ಐಐಟಿಯಲ್ಲಿ ಡಾಕ್ಟರೇಟ್ ಪಡೆದು ಅಮೆರಿಕದ ಎಂಐಟಿ ಸೇರಿದ್ದ ಜಗದೀಶ್ ಮೂಡೆರ ಅವರ ತಂಡವೂ ಜಪಾನಿನ ಮಿಯಾಜಾಕಿಯವರ ತಂಡವೂ ಕೊಠಡಿಯ ಉಷ್ಣತೆಯಲ್ಲೇ ಅದನ್ನು ಸಾಧಿಸಿದವು. ಆಗ ಮೂಡೆರ ಅವರ ತಂಡಕ್ಕೆ ಸಿಕ್ಕ ರೋಧದ ಏರಿಕೆ ಶೇಕಡಾ 11.8 ಮಾತ್ರ. 2004ರಲ್ಲಿ ಮೆಗ್ನೀಸಿಯಂ ಆಕ್ಸೈಡನ್ನು ಅವಾಹಕವಾಗಿ ಬಳಸಿದಾಗ ಅದು ಶೇಕಡಾ 200ರ ಆಸುಪಾಸಿಗೆ ಜಿಗಿಯಿತು. ಕಡಿಮೆ ಮತ್ತು ಹೆಚ್ಚು ರೋಧಗಳ ನಡುವೆ ಇಷ್ಟು ಜಾಗ ಸಿಕ್ಕಿದ ಮೇಲೆಯೇ ಅದರೊಳಗೆ ಇನ್ನೆರಡು ಮಟ್ಟಗಳನ್ನು ಸೇರಿಸುವ ಯೋಚನೆಗೆ ಅರ್ಥ ಬಂದದ್ದು.

ಪೆನ್‌ಡ್ರೈವ್‌ಗಳಲ್ಲಿರುವ ಫ್ಲ್ಯಾಶ್ ಸ್ಮೃತಿ ಬಹಳ ಹಿಂದೆಯೇ ಕೋಶಕ್ಕೆ ಎರಡು, ಮೂರು, ನಾಲ್ಕು ಬಿಟ್‌ಗಳಿಗೆ ಏರಿತು. ಅಲ್ಲಿ ಸಂಗ್ರಹವಾಗುವುದು ಎಲೆಕ್ಟ್ರಾನ್‌ಗಳು. ಅವುಗಳನ್ನು ಸ್ವಲ್ಪ, ಇನ್ನೂ ಸ್ವಲ್ಪ ಎಂದು ತುಂಬುತ್ತ ಹೋಗಬಹುದು. ಕಾಂತಕ್ಕೆ ಆ ಸೌಕರ್ಯವಿಲ್ಲ. ಮಾಹಿತಿ ವರ್ಷಗಟ್ಟಲೆ ಉಳಿಯಲೆಂದೇ ಜಂಕ್ಷನ್ನಿನ ತಿರುಗಬಲ್ಲ ಪದರವನ್ನು ಎರಡೇ ದಿಕ್ಕುಗಳಲ್ಲಿ ನೆಲೆನಿಲ್ಲುವಂತೆ ರೂಪಿಸಿರುತ್ತಾರೆ, ನಡುವಿನ ಯಾವ ದಿಕ್ಕಿನಲ್ಲೂ ಅದು ನಿಲ್ಲದು. ನನ್ನ ದೃಷ್ಟಿಯಲ್ಲಿ ಈ ಪರಿಕಲ್ಪನೆಯ ತಿರುಳೇ ಇದು: ಎಂರಾಮ್‌ನಲ್ಲಿ ಮಟ್ಟಗಳನ್ನು ಹೆಚ್ಚಿಸಬೇಕೆಂದರೆ ಕಾಂತಗಳನ್ನೇ ಹೆಚ್ಚಿಸಬೇಕು, ಇಲ್ಲವೇ ಒಂದೇ ಕಾಂತವನ್ನು ಭಾಗ ಮಾಡಬೇಕು.

ಮೊದಲನೆಯ ದಾರಿಯಲ್ಲಿ ಎರಡು ಜಂಕ್ಷನ್‌ಗಳನ್ನು ಒಂದರ ಮೇಲೊಂದು ಇರಿಸಿ ಸರಣಿಯಲ್ಲಿ ಜೋಡಿಸುತ್ತಾರೆ. ದೊಡ್ಡ ಜಂಕ್ಷನ್ನಿನ ರೋಧ 2 ಅಥವಾ 4 ಕಿಲೋಓಮ್, ಅದರ ಅರ್ಧ ವಿಸ್ತೀರ್ಣದ ಚಿಕ್ಕದರದು 4 ಅಥವಾ 8 ಕಿಲೋಓಮ್ ಎಂದಿಟ್ಟುಕೊಳ್ಳೋಣ. ಕೂಡಿದರೆ 6, 8, 10, 12 ಎಂಬ ನಾಲ್ಕು ಮೊತ್ತಗಳು ಸಮಾನ ಅಂತರದಲ್ಲಿ ದೊರೆಯುತ್ತವೆ. ಎರಡೂ ಒಂದೇ ಅಳತೆಯವಾಗಿದ್ದರೆ ನಡುವಿನ ಎರಡು ಮೊತ್ತಗಳು ಒಂದೇ ಆಗಿ ಮೂರು ಮಟ್ಟಗಳಷ್ಟೇ ಉಳಿಯುತ್ತಿದ್ದವು. ಗಾತ್ರದ ವ್ಯತ್ಯಾಸವನ್ನು ಬೇಕೆಂದೇ ಮಾಡುವುದು ಇದಕ್ಕಾಗಿ.

ಬರೆಯುವಾಗಲೂ, ಅಂದರೆ ಜಂಕ್ಷನ್ನಿನ ಮೂಲಕ ಪ್ರವಾಹ ಹರಿಸಿ ಪದರದ ದಿಕ್ಕನ್ನು ತಿರುಗಿಸುವಾಗಲೂ, ಈ ವ್ಯತ್ಯಾಸವೇ ನೆರವಾಗುತ್ತದೆ. ಎರಡರ ಮೂಲಕವೂ ಹರಿಯುವ ಪ್ರವಾಹ ಒಂದೇ ಆದರೂ ಚಿಕ್ಕದರಲ್ಲಿ ಅದರ ಸಾಂದ್ರತೆ ಹೆಚ್ಚಾಗಿರುವುದರಿಂದ ಅದು ಮೊದಲು ತಿರುಗುತ್ತದೆ. ದೊಡ್ಡದನ್ನು ತಿರುಗಿಸುವಷ್ಟು ಪ್ರವಾಹ ಹರಿಸಿದರೆ ಚಿಕ್ಕದೂ ಅದರೊಡನೆ ಅದೇ ದಿಕ್ಕಿಗೆ ಹೋಗಿಬಿಡುತ್ತದೆ. ಹಾಗಾಗಿ 8 ಕಿಲೋಓಮ್‌ನ ಸ್ಥಿತಿ ಬೇಕೆಂದರೆ, ದೊಡ್ಡ ಪ್ರವಾಹದಿಂದ ಎರಡನ್ನೂ ಹೆಚ್ಚಿನ ರೋಧಕ್ಕೆ ಒಯ್ದು, ಬಳಿಕ ವಿರುದ್ಧ ದಿಕ್ಕಿನ ಸಣ್ಣ ಪ್ರವಾಹದಿಂದ ಚಿಕ್ಕದನ್ನು ಮಾತ್ರ ಮರಳಿಸಬೇಕು. ಒಂದು ಹೆಜ್ಜೆಯ ಕೆಲಸ ಎರಡಾಯಿತು. 2010ರಲ್ಲಿ ಹಿಟಾಚಿ ಸಂಶೋಧಕರು ವರದಿ ಮಾಡಿದ ಕೋಶ ಈ ಸರಣಿ ಬಗೆಯದು.

ವೆಚ್ಚ ಅಷ್ಟಕ್ಕೇ ನಿಲ್ಲುವುದಿಲ್ಲ. ಎಂರಾಮ್ ಕೋಶ ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಜಂಕ್ಷನ್ ಅಲ್ಲ, ಅದಕ್ಕೆ ಪ್ರವಾಹ ಒದಗಿಸುವ ಟ್ರಾನ್ಸಿಸ್ಟರ್. ದೊಡ್ಡ ಜಂಕ್ಷನ್ನಿಗೆ ಹೆಚ್ಚು ಪ್ರವಾಹ ಬೇಕಾದಾಗ ಟ್ರಾನ್ಸಿಸ್ಟರೂ ಹಿಗ್ಗಬೇಕಾಗುತ್ತದೆ, ಆಗ ಒಂದೇ ಕೋಶದಲ್ಲಿ ಹೆಚ್ಚು ಬಿಟ್‌ಗಳನ್ನು ಇರಿಸಿ ಉಳಿಸಿದ ಜಾಗದ ಒಂದು ಪಾಲು ಅಲ್ಲಿಗೇ ಹೋಗುತ್ತದೆ. ಓದುವುದು ಇನ್ನೂ ಸೂಕ್ಷ್ಮ. ಅವಾಹಕ ಪದರದ ದಪ್ಪ ಕಿಂಚಿತ್ ಏರುಪೇರಾದರೂ ರೋಧ ಘಾತೀಯವಾಗಿ ಬದಲಾಗುವುದರಿಂದ, ಒಂದು ಕೋಶದ 8 ಕಿಲೋಓಮ್ ಇನ್ನೊಂದು ಕೋಶದಲ್ಲಿ 9ರ ಹತ್ತಿರ ಬಂದು ನಿಲ್ಲಬಹುದು. ಜೊತೆಗೆ, ಉಷ್ಣತೆ ಏರಿದಂತೆ ಹೆಚ್ಚು-ಕಡಿಮೆ ರೋಧಗಳ ಅಂತರವೇ ಕುಗ್ಗುತ್ತದೆ. ಎರಡು ಮಟ್ಟಗಳಿದ್ದಾಗ ಸಹಿಸಿಕೊಳ್ಳಬಹುದಾದ ಈ ಚದುರುವಿಕೆ ನಾಲ್ಕು ಮಟ್ಟಗಳಾದಾಗ ತಪ್ಪು ಓದಿಗೆ ಕಾರಣವಾಗುತ್ತದೆ. ವೇಗ ಮತ್ತು ನಂಬಿಕೆಯ ಸಲುವಾಗಿಯೇ ಎಂರಾಮ್ ಆರಿಸಿಕೊಳ್ಳುವವರಿಗೆ ಇದು ಹಗುರವಾದ ಕೊಡುಕೊಳ್ಳುವಿಕೆಯಲ್ಲ.

ಎರಡನೆಯ ದಾರಿಯಲ್ಲಿ ಜಂಕ್ಷನ್ ಒಂದೇ. ಅದರ ತಿರುಗಬಲ್ಲ ಪದರವನ್ನು ಉದ್ದನೆಯ ಪಟ್ಟಿಯಾಗಿ ಮಾಡಿ, ವಿರುದ್ಧ ದಿಕ್ಕಿನ ಎರಡು ಕಾಂತವಲಯಗಳ ನಡುವಿನ ಗಡಿಯನ್ನು ಪ್ರವಾಹದಿಂದ ಸರಿಸುತ್ತಾರೆ. ಗಡಿ ನಿಂತ ಜಾಗಕ್ಕೆ ತಕ್ಕಂತೆ ರೋಧವೂ ನಡುವಿನ ಮೌಲ್ಯಗಳನ್ನು ಪಡೆಯುತ್ತದೆ. ಬೇಕಾದ ಜಾಗದಲ್ಲೇ ಗಡಿ ನಿಲ್ಲಲೆಂದು ಪಟ್ಟಿಯ ಅಂಚಿನಲ್ಲಿ ಸಣ್ಣ ಕಚ್ಚುಗಳನ್ನು ಮಾಡುವುದುಂಟು. ಕೃತಕ ಬುದ್ಧಿಮತ್ತೆಯಲ್ಲಿ ಬಳಸುವ ನರಜಾಲಗಳ ಲೆಕ್ಕಾಚಾರವನ್ನು ಸ್ಮೃತಿಯೊಳಗೇ ನಡೆಸಬಯಸುವ ಸಂಶೋಧಕರಿಗೆ ಈ ಬಗೆಯ ಸಾಧನದಲ್ಲಿ ವಿಶೇಷ ಆಸಕ್ತಿಯಿದೆ, ಏಕೆಂದರೆ ಅಲ್ಲಿ ಶೇಖರಿಸಬೇಕಾದ ತೂಕಗಳು (ಜಾಲದ ಪ್ರತಿ ಕೊಂಡಿಯ ಬಲವನ್ನು ಹೇಳುವ ಸಂಖ್ಯೆಗಳು) ಸೊನ್ನೆ-ಒಂದಕ್ಕೆ ಸೀಮಿತವಲ್ಲ, ಮತ್ತು ಅವುಗಳಲ್ಲಿನ ಸಣ್ಣ ದೋಷವನ್ನು ನರಜಾಲ ಸಾಮಾನ್ಯ ಸ್ಮೃತಿಗಿಂತ ಹೆಚ್ಚು ತಾಳಿಕೊಳ್ಳಬಲ್ಲದು.