ಐದನೇ ನರದ ಕಣ್ಣು

ಕಳೆದ ಮಳೆಗಾಲದಲ್ಲಿ ಕಲಘಟಗಿ ಕಡೆಯ ಒಬ್ಬ ಹುಡುಗ ಹುಬ್ಬಳ್ಳಿಗೆ ಬಂದು ಅಡ್ಮಿಟ್ ಆಗಿದ್ದ. ಬಿದಿರು ಕಡಿಯುವ ಕೆಲಸ. ಮೆಳೆಯೊಳಗೆ ಕೈ ಹಾಕಿದಾಗ ಹಸಿರು ಹಾವು ಕಚ್ಚಿತ್ತು. ಬಲಗೈ ಮೊಣಕೈವರೆಗೆ ಊದಿ ಬಿಗಿದುಕೊಂಡಿತ್ತು. ನಾನು ನರರೋಗಗಳ ಡಾಕ್ಟರ್. ವಿಷ ನರಕ್ಕೇನಾದರೂ ಏರಿದೆಯಾ, ರೆಪ್ಪೆ ಇಳಿಯುತ್ತಿದೆಯಾ ಎಂದು ನೋಡಲು ನನ್ನನ್ನು ಕರೆದಿದ್ದರು. ಜೊತೆಗೆ ಬಂದವರು ಹಾವನ್ನು ಹೊಡೆಯದೆ, ದೂರ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಬಂದಿದ್ದರು. ಅದರಿಂದ ನಮಗೆ ಬಹಳ ಸಹಾಯವಾಯಿತು. ನಮ್ಮಲ್ಲಿ ಸಿಗುವ ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಮದ್ದು) ಇಂಜೆಕ್ಷನ್ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಮಾತ್ರ ತಯಾರಾದದ್ದು. ಈ ಹಸಿರು ಹಾವು ಆ ನಾಲ್ಕರಲ್ಲಿ ಇಲ್ಲ. ಇದರ ಕಡಿತದಿಂದ ನೋವು, ಬಾವು ಜಾಸ್ತಿ. ಜೀವ ಹೋಗುವುದು ಅಪರೂಪ.

ಮೂರನೇ ದಿನ ಬಾವು ಇಳಿಯತೊಡಗಿತ್ತು. ಅವನೇ ಫೋಟೊ ದೊಡ್ಡದು ಮಾಡಿ ನನ್ನ ಮುಂದೆ ಹಿಡಿದ.

"ಸಾಹೇಬ್ರ, ಇದಕ್ಕ ನಾಕು ಮೂಗದಾವ ನೋಡ್ರಿ. ಒಂದೊಂದು ಕಡೆ ಎರಡೆರಡು ತೂತು."

ಅವನ ಕಣ್ಣು ಚುರುಕು. ಲ್ಯಾಟಿನ್ ಅಮೆರಿಕದಲ್ಲಿ ಇದೇ ಗುಂಪಿನ ಹಾವುಗಳನ್ನು ಸ್ಪ್ಯಾನಿಷ್ ಮಾತಾಡುವ ಜನ ‘ಕ್ವಾತ್ರೊ ನಾರಿಸೆಸ್’ ಅಂತಲೇ ಕರೆಯುತ್ತಾರೆ. ನಾಲ್ಕು ಮೂಗಿನದು ಎಂದರ್ಥ. ಆದರೆ ಮುಂದಿನ ಸಣ್ಣ ತೂತು ಮಾತ್ರ ಮೂಗು. ಅದಕ್ಕೂ ಕಣ್ಣಿಗೂ ನಡುವೆ ಇರುವ ದೊಡ್ಡ ತೂತಿಗೂ ಉಸಿರಿಗೂ ಸಂಬಂಧವೇ ಇಲ್ಲ. ಅದೊಂದು ಗುಳಿ. ಅದಕ್ಕೇ ಈ ಹಾವುಗಳಿಗೆ ಗುಳಿ ಮಂಡಲ ಎಂಬ ಹೆಸರು. ಆ ಗುಳಿಯಿಂದ ಹಾವು ಬಿಸಿಯನ್ನು ನೋಡುತ್ತದೆ. ‘ನೋಡುತ್ತದೆ’ ಎಂಬ ಮಾತನ್ನು ಸುಮ್ನೆ ಬಾಯಿಗೆ ಬಂದದ್ದಕ್ಕೆ ಹೇಳುತ್ತಿಲ್ಲ. ಯಾಕೆ ಎಂದು ಮುಂದೆ ತಿಳಿಯುತ್ತದೆ.

ಹುಡುಗನಿಗೆ ಅಲ್ಲೇ ಮಂಚದ ಪಕ್ಕ ಸ್ವಲ್ಪ ಹೇಳಿದೆ. ಪೂರ್ತಿ ಹೇಳಬೇಕೆಂದರೆ ನನ್ನ ಒಪಿಡಿಗೆ ಬರುವ ಒಂದು ಕಾಯಿಲೆಯಿಂದ ಶುರು ಮಾಡಬೇಕು.

ರೋಣ ಕಡೆಯ ಒಬ್ಬ ಅಜ್ಜಿ ವರ್ಷಕ್ಕೆ ಎರಡು ಮೂರು ಸಲ ಬರುತ್ತಾರೆ. ಬಸ್ಸಿನಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡೇ ಕೂರುತ್ತಾರೆ. "ಗಾಳಿ ಬಡದ್ರ ಕರೆಂಟ್ ಹೊಡದಂಗ ಆಗ್ತೈತಿ ಯಪ್ಪಾ" ಅನ್ನುತ್ತಾರೆ. ರೊಟ್ಟಿ ಅಗಿದರೂ ಹಾಗೆಯೇ, ಮುಖ ತೊಳೆದರೂ ಹಾಗೆಯೇ. ನನ್ನ ಹತ್ತಿರ ಬರುವ ಮೊದಲೇ ಎರಡು ಒಳ್ಳೆಯ ಹಲ್ಲು ಕೀಳಿಸಿಕೊಂಡಿದ್ದರು. ನೋವು ಹಲ್ಲಿನದಲ್ಲ, ಐದನೇ ನರದ್ದು. ಮಿದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಇದು ಐದನೆಯದು. ಮೂರು ಕವಲು: ಒಂದು ಹಣೆಗೆ, ಒಂದು ಕೆನ್ನೆ ಮತ್ತು ಮೇಲ್ದವಡೆಗೆ, ಒಂದು ಕೆಳದವಡೆಗೆ. ಮುಖಕ್ಕೆ ತಗಲುವ ಸ್ಪರ್ಶ, ನೋವು, ತಂಪು, ಬಿಸಿ ಎಲ್ಲವೂ ಈ ನರದಲ್ಲೇ ಮಿದುಳಿಗೆ ಹೋಗಬೇಕು.

ಹಾವಿನ ಗುಳಿಗೂ ಇದೇ ಐದನೇ ನರ. ಅದರ ಮೇಲಿನ ಎರಡು ಕವಲುಗಳು ಗುಳಿಯೊಳಗೆ ಬಂದು ಹರಡುತ್ತವೆ. ಕಣ್ಣಿನ ನರಕ್ಕೆ ಅಲ್ಲಿ ಕೆಲಸವಿಲ್ಲ. ಅಂದರೆ ನಮ್ಮ ಅಜ್ಜಿಗೆ ಗಾಳಿ ತಾಕಿದ್ದನ್ನು ಹೇಳುವ ನರವೇ ಈ ಹಾವಿಗೆ ಕತ್ತಲಲ್ಲಿ ಇಲಿ ಎಲ್ಲಿದೆ ಎಂದು ಹೇಳುತ್ತದೆ. ಇಷ್ಟು ವರ್ಷ ಐದನೇ ನರದ ರೋಗಿಗಳನ್ನು ನೋಡಿದವನಿಗೆ ಇದಕ್ಕಿಂತ ದೊಡ್ಡ ಬೆರಗು ಬೇರೆ ಇಲ್ಲ.

ದೂರದ ಬಿಸಿ ತಿಳಿಯುವುದು ನಮಗೂ ಪೂರ್ತಿ ಹೊಸದಲ್ಲ. ರೊಟ್ಟಿ ಮಾಡುವವರು ಹಂಚು ಕಾದಿದೆಯಾ ಎಂದು ಮುಟ್ಟಿ ನೋಡುವುದಿಲ್ಲ, ಅಂಗೈ ಹಿಡಿಯುತ್ತಾರೆ. ಏಪ್ರಿಲ್‌ನಲ್ಲಿ ಸೂರ್ಯ ಮುಳುಗಿದ ಮೇಲೂ ಕಲ್ಲಿನ ಗೋಡೆ ಪಕ್ಕ ನಡೆದರೆ ಕೆನ್ನೆಗೆ ಝಳ ತಾಗುತ್ತದೆ. ಬೆಚ್ಚಗಿರುವ ಪ್ರತಿ ವಸ್ತುವೂ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಬಿಡುತ್ತಲೇ ಇರುತ್ತದೆ. ನಮ್ಮ ಮೈ, ಇಲಿ, ಎಮ್ಮೆ ಬಿಡುವ ಕಿರಣದ ತರಂಗ ಸುಮಾರು 10 ಮೈಕ್ರೊಮೀಟರ್ ಉದ್ದ. ಕೊರೊನಾ ಸಮಯದಲ್ಲಿ ಅಂಗಡಿ ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಹಿಡಿಯುತ್ತಿದ್ದದ್ದೂ ಇದೇ ಕಿರಣವನ್ನು. ಟಿವಿ ರಿಮೋಟಿನ ಇನ್‌ಫ್ರಾರೆಡ್ ಬೇರೆ. ಅದರ ತರಂಗ ಬಹಳ ಚಿಕ್ಕದು, ಬಿಸಿಗೂ ಅದಕ್ಕೂ ಸಂಬಂಧವಿಲ್ಲ.

ಹಾಗಿದ್ದರೆ ಒಂದು ಇಲಿ ಹತ್ತಿರ ಬಂದಾಗ ನಮ್ಮ ಅಂಗೈಗೆ ಯಾಕೆ ತಿಳಿಯುವುದಿಲ್ಲ? ನಮ್ಮ ಚರ್ಮ ದಪ್ಪ. ಅಷ್ಟು ಚೂರು ಬಿಸಿ ಬಂದರೆ ಚರ್ಮದಲ್ಲೇ ಹರಡಿ ಕಳೆದುಹೋಗುತ್ತದೆ. ಹಾವಿನ ಗುಳಿಯ ಒಳಗೆ ಒಂದು ಪೊರೆ ಇದೆ. ಅದರ ದಪ್ಪ ಸುಮಾರು 15 ಮೈಕ್ರೊಮೀಟರ್, ಅಂದರೆ ನಮ್ಮ ತಲೆಗೂದಲಿಗಿಂತ ನಾಲ್ಕೈದು ಪಟ್ಟು ತೆಳು. ಉಳ್ಳಾಗಡ್ಡಿ ಹೆಚ್ಚುವಾಗ ಪದರದ ನಡುವೆ ತೆಳ್ಳಗೆ ಒಂದು ಪೊರೆ ಸಿಗುತ್ತದಲ್ಲ, ಆ ಥರದ್ದು ಎಂದುಕೊಳ್ಳಿ. ಅದು ಗುಳಿಯ ನಡುವೆ ತೂಗುಬಿದ್ದಿದೆ. ಮುಂದೆಯೂ ಗಾಳಿ, ಹಿಂದೆಯೂ ಗಾಳಿ. ಗೋಡೆಗೆ ಅಂಟಿಕೊಂಡಿದ್ದರೆ ಬಿಸಿ ಗೋಡೆಗೆ ಹೋಗುತ್ತಿತ್ತು. ಗಾಳಿಯಲ್ಲಿ ತೂಗುವುದರಿಂದ ಬಂದ ಬಿಸಿ ಪೊರೆಯಲ್ಲೇ ಉಳಿಯುತ್ತದೆ. ದಪ್ಪ ಹಂಚು ಕಾಯಲು ಹೊತ್ತು ಬೇಕು, ತೆಳು ತಗಡು ಕ್ಷಣದಲ್ಲಿ ಕಾಯುತ್ತದೆ, ಅಲ್ವಾ?

ಈ ಪುಟ್ಟ ಪೊರೆಯಲ್ಲಿ ಸುಮಾರು 7,000 ನರದ ತುದಿಗಳಿವೆ. ಪೊರೆಯ ಬಿಸಿ 0.003 ಡಿಗ್ರಿ ಸೆಲ್ಸಿಯಸ್‌ನಷ್ಟು ಬದಲಾದರೂ ಅವುಗಳಿಗೆ ಗೊತ್ತಾಗುತ್ತದೆ. ಒಂದು ಡಿಗ್ರಿಯನ್ನು ಸಾವಿರ ಪಾಲು ಮಾಡಿ ಅದರಲ್ಲಿ ಮೂರು ಪಾಲು! ನಾವು ಜ್ವರ ನೋಡುವ ಥರ್ಮಾಮೀಟರ್ ಡಿಗ್ರಿಯ ಹತ್ತನೇ ಒಂದು ಪಾಲಿಗೇ ನಿಂತುಬಿಡುತ್ತದೆ. ಸುತ್ತಲಿಗಿಂತ ಹತ್ತು ಡಿಗ್ರಿ ಬೆಚ್ಚಗಿರುವ ಇಲಿ ಸುಮಾರು ಒಂದು ಮೀಟರ್ ದೂರದಲ್ಲಿದ್ದರೂ ಹಾವಿಗೆ ತಿಳಿಯುತ್ತದೆ.

ಇನ್ನೊಂದು ಸೂಕ್ಷ್ಮ ಇದೆ, ಅದು ನನಗೆ ಬಹಳ ಇಷ್ಟ. ಒಮ್ಮೆ ಕಾದ ಪೊರೆ ಬಿಸಿಯಾಗಿಯೇ ಉಳಿದರೆ ಏನಾಗುತ್ತದೆ? ಇಲಿ ಓಡಿಹೋದ ಮೇಲೂ ಅದರ ಗುರುತು ಅಲ್ಲೇ ಇರುತ್ತದೆ. ಆದ್ದರಿಂದ ನರದ ತುದಿಗಳ ಬೆನ್ನಿಗೇ ಸಣ್ಣ ರಕ್ತನಾಳಗಳ ದಟ್ಟ ಬಲೆ ಇದೆ. ಹರಿಯುವ ರಕ್ತ ಆ ಬಿಸಿಯನ್ನು ಕೂಡಲೇ ಒಯ್ದುಬಿಡುತ್ತದೆ. ಪಾಟಿ ಒರೆಸಿದ ಹಾಗೆ. ಪೊರೆ ಮತ್ತೆ ಮುಂದಿನ ಗುರುತಿಗೆ ತಯಾರು.

ನರಗಳು ಸುಮ್ಮನೆ ಕೂತು ಬಿಸಿಗಾಗಿ ಕಾಯುವುದೂ ಇಲ್ಲ. ಏನೂ ಇಲ್ಲದಾಗಲೂ ಒಂದೇ ಲಯದಲ್ಲಿ ಮಿಡಿಯುತ್ತಿರುತ್ತವೆ. ಬೆಚ್ಚನೆಯದು ಎದುರಿಗೆ ಬಂದರೆ ಮಿಡಿತ ಏರುತ್ತದೆ, ತಣ್ಣನೆಯದು ಬಂದರೆ ಇಳಿಯುತ್ತದೆ. ಹಾಗಾಗಿ ಒದ್ದೆ ಕಪ್ಪೆಯೂ ತಣ್ಣನೆಯ ಚುಕ್ಕೆಯಾಗಿ ತಿಳಿಯಬಹುದು. ಲೆಕ್ಕಕ್ಕೆ ಬರುವುದು ಹಿನ್ನೆಲೆಗೂ ವಸ್ತುವಿಗೂ ಇರುವ ವ್ಯತ್ಯಾಸ. ಸುಡುವ ಮಧ್ಯಾಹ್ನದ ಬಂಡೆ ಇಲಿಗಿಂತ ಬಿಸಿ ಇದ್ದರೆ, ಇಲಿಯೇ ತಣ್ಣನೆಯ ಗುರುತು. ಎರಡೂ ಒಂದೇ ಬಿಸಿ ಇದ್ದರೆ ಇಲಿ ಮರೆಯಾಗಿಬಿಡುತ್ತದೆ.

ಗುಳಿಗೂ ಬೇಟೆಗೂ ಸಂಬಂಧ ಇದೆ ಎಂದು 1937ರಲ್ಲಿ ನೋಬಲ್ ಮತ್ತು ಶ್ಮಿಟ್ ಎಂಬ ಇಬ್ಬರು ಅಮೆರಿಕದಲ್ಲಿ ಬುಡುಬುಡಿಕೆ ಹಾವಿನ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಬಾಲದ ತುದಿ ಅಲ್ಲಾಡಿಸಿ ಸದ್ದು ಮಾಡುವ ಅಲ್ಲಿಯ ಗುಳಿ ಮಂಡಲ ಅದು. 1952ರಲ್ಲಿ ಬುಲಕ್ ಮತ್ತು ಕೌಲ್ಸ್ ಅದೇ ಹಾವಿನ ಐದನೇ ನರದ ಮಿಡಿತವನ್ನು ದಾಖಲಿಸಿದರು. ಆದರೆ ನರದ ತುದಿಯಲ್ಲಿ ಬಿಸಿಯನ್ನು ಹಿಡಿಯುವ ಸ್ವಿಚ್ ಯಾವುದು ಎಂಬ ಪ್ರಶ್ನೆಗೆ ಉತ್ತರ ಬರಲು 2010ರವರೆಗೆ ಕಾಯಬೇಕಾಯಿತು.

ಇಲ್ಲಿ ನಮ್ಮ ಅಡುಗೆಮನೆ ಬರುತ್ತದೆ. ಖಾರ ತಿಂದಾಗ ಬಾಯಿ ‘ಉರಿಯಿತು’ ಅನ್ನುತ್ತೇವಲ್ಲ, ನರದ ಮಟ್ಟಿಗೆ ಅದು ನಿಜವಾದ ಉರಿಯೇ. ಸುಮಾರು 43 ಡಿಗ್ರಿ ದಾಟಿದ ಬಿಸಿಗೆ ತೆರೆದುಕೊಳ್ಳುವ ಒಂದು ಪ್ರೋಟೀನ್ ಬಾಗಿಲು ನಮ್ಮ ನರದ ತುದಿಯಲ್ಲಿದೆ. ಮೆಣಸಿನಕಾಯಿಯ ಖಾರದ ಅಂಶವೂ ಅದೇ ಬಾಗಿಲನ್ನು ತೆರೆಯುತ್ತದೆ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಆ ಅಂಶ ಕಡಿಮೆ, ಬಣ್ಣ ಜಾಸ್ತಿ. ಅದಕ್ಕೇ ಸಾರು ಕೆಂಪಗಾದರೂ ನಾಲಿಗೆ ಸುಡುವುದಿಲ್ಲ. ಈ ಮೆಣಸಿನ ಬಾಗಿಲನ್ನು 1997ರಲ್ಲಿ ಗುರುತಿಸಿದವರು ಕ್ಯಾಲಿಫೋರ್ನಿಯಾದ ಡೇವಿಡ್ ಜೂಲಿಯಸ್ ಮತ್ತು ಅವರ ತಂಡ. 2021ರಲ್ಲಿ ಅವರಿಗೆ ನೊಬೆಲ್ ಬಂತು.

ಹಾವು ಬಳಸುವುದೂ ಇದೇ ಬಾಗಿಲು ಇರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಅದಲ್ಲ. ಹಾವು ಬಳಸುವುದು ಸಾಸಿವೆಯ ಬಾಗಿಲನ್ನು! ಒಗ್ಗರಣೆಯಲ್ಲಿ ಸಿಡಿದ ಸಾಸಿವೆ ನಮಗೇನೂ ಮಾಡುವುದಿಲ್ಲ. ಉಪ್ಪಿನಕಾಯಿಗೆ ಹಸಿಯಾಗಿ ಅರೆದ ಸಾಸಿವೆ ಮಾತ್ರ ಝುಮ್ಮೆಂದು ಮೂಗಿಗೆ ಏರುತ್ತದೆ. ಹಸಿ ಬೆಳ್ಳುಳ್ಳಿಯ ಚುರುಕೂ ಅದೇ ಜಾತಿಯದು. ಅದನ್ನು ನಮಗೆ ತಿಳಿಸುವ ಬಾಗಿಲಿನ ಹೆಸರು ಟಿಆರ್‌ಪಿಎ1. ನಮ್ಮ ನರದಲ್ಲಿ ಅದು ಮುಖ್ಯವಾಗಿ ಉರಿ, ಕೆರಳಿಕೆಗಳ ಎಚ್ಚರಿಕೆ ಗಂಟೆ. ಬುಡುಬುಡಿಕೆ ಹಾವಿನ ಐದನೇ ನರದಲ್ಲಿ ಅದೇ ಪ್ರೋಟೀನ್ ತುಸು ಬದಲಾಗಿ, ಸುಮಾರು 28 ಡಿಗ್ರಿಗೆ ತೆರೆದುಕೊಳ್ಳುವ ಬಾಗಿಲಾಗಿದೆ. 2010ರಲ್ಲಿ ಎಲೆನಾ ಗ್ರಾಚೆವಾ, ಜೂಲಿಯಸ್ ಮತ್ತು ಜೊತೆಗಾರರು ಇದನ್ನು ಪ್ರಕಟಿಸಿದರು. ಅವರು ಹಾವಿನ ಬೆನ್ನುಹುರಿಯ ಪಕ್ಕದ ನರಗಂಟುಗಳನ್ನೂ ಮುಖದ ಐದನೇ ನರದ ಗಂಟನ್ನೂ ಹೋಲಿಸಿದರು. ಮುಖದ ಗಂಟಿನಲ್ಲಿ ಈ ಪ್ರೋಟೀನಿನ ಜೀನ್ ಸುಮಾರು 400 ಪಟ್ಟು ಜಾಸ್ತಿ ಕೆಲಸ ಮಾಡುತ್ತಿತ್ತು. ಹಾವಿಗಾಗಿ ಹೊಸ ನರವೂ ಹುಟ್ಟಲಿಲ್ಲ, ಹೊಸ ಪ್ರೋಟೀನೂ ಹುಟ್ಟಲಿಲ್ಲ. ಮನೆಯಲ್ಲಿದ್ದ ಹಳೆಯ ಬಾಗಿಲಿಗೇ ಹೊಸ ಚಿಲಕ.

ಇಲ್ಲಿವರೆಗಿನದು ಗುಳಿಯ ಕಥೆ. ನರ ಮಿಡಿದ ಮಾತ್ರಕ್ಕೆ ಇಲಿ ಕಾಣುವುದಿಲ್ಲ. ಗುಳಿಯ ಬಾಯಿ ಅಗಲ, ಒಳಗೆ ಲೆನ್ಸ್ ಇಲ್ಲ. ಕಿರಣಗಳು ಓರೆಯಾಗಿ ಬಂದು ಪೊರೆಯ ಅಗಲ ಜಾಗಕ್ಕೆ ಬೀಳುತ್ತವೆ. ಇಲಿ ಎಡಕ್ಕಿದ್ದರೆ ಪೊರೆಯ ಬೇರೆ ಭಾಗ ಕಾಯುತ್ತದೆ, ಬಲಕ್ಕಿದ್ದರೆ ಬೇರೆ. ದಿಕ್ಕು ತಿಳಿಯುತ್ತದೆ, ಆದರೆ ಚಿತ್ರ ಮಾತ್ರ ಬಹಳ ಮಸುಕು. ನಮ್ಮ ಒಂದು ಕಣ್ಣಿನ ನರದಲ್ಲಿ ಸುಮಾರು ಹತ್ತು ಲಕ್ಷ ತಂತುಗಳಿವೆ. ಅದರ ಮುಂದೆ 7,000 ಎಷ್ಟರದು?

ಮಸುಕನ್ನು ತಿದ್ದುವ ಕೆಲಸ ಮಿದುಳಿನದು. ಐದನೇ ನರ ಮಿದುಳಿನ ಕಾಂಡಕ್ಕೆ ಬಂದು ಸೇರುವಲ್ಲಿ ಈ ಹಾವುಗಳಿಗೆ ಒಂದು ಪ್ರತ್ಯೇಕ ನರಕೋಶಗಳ ಗುಂಪಿದೆ. ನಮಗೆ ಅದಿಲ್ಲ, ಗುಳಿಯಿಲ್ಲದ ಹಾವುಗಳಿಗೂ ಇಲ್ಲ. ಅಲ್ಲಿ ಜೋರಾಗಿ ಮಿಡಿಯುವ ಕೋಶ ತನ್ನ ಅಕ್ಕಪಕ್ಕದವನ್ನು ಹತ್ತಿಕ್ಕುತ್ತದೆ. ಅದರಿಂದ ಹರಡಿದ ಬಿಸಿಯ ಕಲೆಗೆ ಅಂಚು ಮೂಡುತ್ತದೆ. ಅಲ್ಲಿಂದ ಸುದ್ದಿ ಇನ್ನೊಂದು ನಿಲ್ದಾಣ ದಾಟಿ, ಎದುರು ಬದಿಯ ನಡುಮಿದುಳಿನ ಮೇಲ್ಛಾವಣಿಗೆ ಹೋಗುತ್ತದೆ. ಕಣ್ಣಿನಿಂದ ಬರುವ ಚಿತ್ರದ ನಕ್ಷೆ ಇರುವುದೂ ಅದೇ ಜಾಗದಲ್ಲಿ.

ನಾನು ಮೊದಲು ‘ನೋಡುತ್ತದೆ’ ಎಂದದ್ದು ಇದಕ್ಕೆ. ಚಳಿ, ನೋವು, ಸ್ಪರ್ಶ ಸಾಗಿಸುವ ನರದ ಸುದ್ದಿ ಇಲ್ಲಿ ಕಣ್ಣಿನ ಮನೆಗೆ ಬಂದು ಕೂರುತ್ತದೆ. ಕಣ್ಣಿನ ನಕ್ಷೆಯ ಮೇಲೆ ಬಿಸಿಯ ನಕ್ಷೆ, ಟ್ರೇಸಿಂಗ್ ಪೇಪರ್ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟ ಹಾಗೆ. 1981ರಲ್ಲಿ ನ್ಯೂಮನ್ ಮತ್ತು ಹಾರ್ಟ್‌ಲೈನ್ ಅಲ್ಲಿಯ ಒಂದೊಂದೇ ಕೋಶದ ಮಾತು ಕೇಳಿಸಿಕೊಂಡರು. ಕೆಲವು ಕೋಶಗಳು ಬೆಳಕು ಬಂದರೂ ಮಿಡಿಯುತ್ತವೆ, ಬಿಸಿ ಬಂದರೂ ಮಿಡಿಯುತ್ತವೆ. ಕೆಲವು ಎರಡೂ ಒಂದೇ ಜಾಗದಿಂದ ಬಂದರೆ ಮಾತ್ರ. ಬೆಚ್ಚಗಿದೆ, ಕಾಣುತ್ತಲೂ ಇದೆ ಎಂದರೆ ಅದು ಇಲಿಯೇ ಇರಬೇಕು, ಅಲ್ವಾ? ನಮ್ಮ ಮಿದುಳಿನಲ್ಲೂ ಇದೇ ಜಾಗಕ್ಕೆ ಸಮನಾದ ಭಾಗ ಇದೆ. ಚೆನ್ನಮ್ಮ ಸರ್ಕಲ್ಲಿನಲ್ಲಿ ಪಕ್ಕದಿಂದ ಹಾರ್ನ್ ಬಂದ ಕೂಡಲೇ, ಯೋಚಿಸುವ ಮೊದಲೇ ಕಣ್ಣು ಆ ಕಡೆ ತಿರುಗುತ್ತದಲ್ಲ, ಅದರಲ್ಲಿ ಅದರ ಪಾಲು ದೊಡ್ಡದು. ನಮ್ಮಲ್ಲಿ ಅದು ಕಿವಿಯನ್ನು ಕಣ್ಣಿಗೆ ಜೋಡಿಸಿದರೆ, ಈ ಹಾವುಗಳಲ್ಲಿ ಬಿಸಿಯನ್ನೂ ಕಣ್ಣಿಗೆ ಜೋಡಿಸುತ್ತದೆ.

ಹುಟ್ಟು ಕುರುಡಾದ ಒಂದು ಬುಡುಬುಡಿಕೆ ಹಾವು ಇಲಿಗೆ ಗುರಿ ತಪ್ಪದೆ ಕಚ್ಚುತ್ತಿದ್ದದ್ದು 1991ರಲ್ಲಿ ವರದಿಯಾಗಿದೆ. ಬೇಟೆಯಾಗುವ ಪ್ರಾಣಿಗಳೂ ಸುಮ್ಮನಿಲ್ಲ. ಕ್ಯಾಲಿಫೋರ್ನಿಯಾದ ನೆಲ ಅಳಿಲು ಈ ಹಾವು ಎದುರಾದರೆ ತನ್ನ ಬಾಲವನ್ನು ಬಿಸಿ ಮಾಡಿಕೊಂಡು ಬೀಸುತ್ತದೆ. ಗುಳಿಯಿಲ್ಲದ ಹಾವಿನ ಮುಂದೆಯೂ ಬಾಲ ಬೀಸುತ್ತದೆ, ಆದರೆ ಬಿಸಿ ಮಾಡುವುದಿಲ್ಲ. 2007ರಲ್ಲಿ ಪ್ರಕಟವಾದ ಆ ಕೆಲಸವನ್ನು ಓದಿದ ದಿನ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಈಗ ನಮ್ಮ ಹೊಲಗಳಿಗೆ ಬರೋಣ. ನವಲಗುಂದ, ಗದಗ, ಹಾವೇರಿಯ ಎರೆ ಹೊಲಗಳಲ್ಲಿ ಜನರ ಜೀವ ತೆಗೆಯುವ ಹಾವುಗಳಿಗೆ ಈ ಗುಳಿ ಇಲ್ಲ. ನಾಗರಹಾವಿಗೆ ಇಲ್ಲ, ಕಟ್ಟುಹಾವಿಗೆ ಇಲ್ಲ. ಕೊಳಕುಮಂಡಲ, ಗರಗಸ ಮಂಡಲಗಳು ಹೆಸರಿಗೆ ಮಂಡಲಗಳಾದರೂ ಅವಕ್ಕೂ ಇಲ್ಲ. ಗುಳಿ ಮಂಡಲಗಳು ಇರುವುದು ಪಶ್ಚಿಮದ ಕಾಡಿನ ಕಡೆ ಹೆಚ್ಚು. ಹೆಬ್ಬಾವಿಗೆ ತುಟಿಯ ಹುರುಪೆಗಳಲ್ಲಿ ಸಣ್ಣ ಗುಳಿಗಳ ಸಾಲಿದೆ. ಅದು ಬೇರೆಯಾಗಿಯೇ ಬೆಳೆದು ಬಂದದ್ದು, ಆದರೂ ಅಲ್ಲಿಯೂ ಐದನೇ ನರ, ಅಲ್ಲಿಯೂ ಸಾಸಿವೆಯ ಬಾಗಿಲು.

"ಕಟ್ಟುಹಾವು ನಮ್ಮ ಮೈ ಬಿಸಿ ನೋಡಿ ಹಾಸಿಗೀಗೆ ಬರ್ತೈತ್ರಿ" ಎಂದು ಬಹಳ ಜನ ಹೇಳುತ್ತಾರೆ. ದೂರದಿಂದ ಬಿಸಿ ನೋಡುವ ಗುಳಿ ಅದಕ್ಕಿಲ್ಲ. ರಾತ್ರಿ ಅದು ಇಲಿ, ಹಲ್ಲಿ, ಬೇರೆ ಹಾವುಗಳನ್ನು ಹುಡುಕಿಕೊಂಡು ಓಡಾಡುತ್ತದೆ, ನೆಲದ ಮೇಲೆ ಮಲಗಿದವರು ಅದರ ದಾರಿಯಲ್ಲಿ ಸಿಗುತ್ತಾರೆ. ಮಂಚದ ಮೇಲೆ ಮಲಗಿ, ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ. ಬೆಳಗಿನ ಜಾವ ಹೊಟ್ಟೆನೋವು ಎಂದು ಎದ್ದು, ಸ್ವಲ್ಪ ಹೊತ್ತಿಗೆ ರೆಪ್ಪೆ ಎತ್ತಲಾಗದೆ ಬರುವವರನ್ನು ನಾನು ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ನೆಲದ ಮೇಲೆ ಮಲಗಿದ್ದವರು.

ಸತ್ತ ಹಾವನ್ನೂ ಕೈಯಲ್ಲಿ ಮುಟ್ಟಬೇಡಿ. ಅದರಲ್ಲೂ ಗುಳಿ ಮಂಡಲದ ತಲೆ ಕತ್ತರಿಸಿದ ಮೇಲೂ ಅದರ ನರ, ಮಿದುಳಿನ ಕಾಂಡ ಸ್ವಲ್ಪ ಹೊತ್ತು ಜೀವಂತ ಇರುತ್ತವೆ. ಬೆಚ್ಚಗಿನ ಕೈ ಹತ್ತಿರ ಬಂದರೆ ಆ ತಲೆ ಕಚ್ಚಬಲ್ಲದು, ವಿಷವನ್ನೂ ಬಿಡಬಲ್ಲದು.

ಡಿಸ್ಚಾರ್ಜ್ ಆಗುವ ದಿನ ಆ ಹುಡುಗ ಒಂದು ಒಳ್ಳೆಯ ಪ್ರಶ್ನೆ ಕೇಳಿದ. "ಸಾಹೇಬ್ರ, ದಪ್ಪ ಚರ್ಮದ ಕೈಗವಸು ಹಾಕ್ಕೊಂಡ್ರ ಅದಕ್ಕ ನಮ್ಮ ಕೈ ಕಾಣಂಗಿಲ್ಲೇನ್ರಿ?"

ಮೊದಮೊದಲು ಮಸುಕಾಗಿ ಕಾಣಬಹುದು ಎಂದೆ. ಚರ್ಮದ ಹೊರಮೈ ಗಾಳಿಯಷ್ಟೇ ತಣ್ಣಗಿರುವವರೆಗೆ. ಕೆಲಸ ಮಾಡುತ್ತಾ ಕೈ ಬಿಸಿಯಾದರೆ ಗವಸೂ ಬೆಚ್ಚಗಾಗುತ್ತದೆ. ಆಮೇಲೆ ಹಾವಿಗೆ ಕಣ್ಣೂ ಇದೆಯಲ್ಲ, ಅಲ್ಲಾಡುವ ಕೈ ಅದಕ್ಕೂ ಕಾಣುತ್ತದೆ. ಗವಸು ಹಾಕು, ಹಲ್ಲು ನಾಟುವುದು ಕಷ್ಟವಾಗುತ್ತದೆ. ಆದರೆ ಕೈ ಹಾಕುವ ಮೊದಲು ಉದ್ದ ಕೋಲಿನಿಂದ ಮೆಳೆಯನ್ನು ಸರಿಸಿ ನೋಡು. ಕೋಲಿಗೆ ಬಿಸಿಯೂ ಇಲ್ಲ, ರಕ್ತವೂ ಇಲ್ಲ.

"ಹಂಗಾರ ಕೋಲೇ ಚಲೋ" ಎಂದು ಚೀಟಿ ಜೇಬಿಗೆ ಹಾಕಿಕೊಂಡ.